ಮೊದಲ ರೈಫಲ್ ಕೊಳ್ಳುವವರ ಕಿವಿ ಊದಬೇಡಿ

ಶೂಟಿಂಗ್ ರೇಂಜ್‌ನಿಂದ ಈಗಷ್ಟೇ ಬಂದೆ. ಇನ್ನೂ ಶೂ ಬಿಚ್ಚಿಲ್ಲ. ಸಿಟ್ಟು ಆರುವ ಮೊದಲೇ ಇದನ್ನು ಬರೆದುಬಿಡಬೇಕು.

ನಾನು ವಾರಕ್ಕೊಮ್ಮೆ ತಪ್ಪದೆ ಗುರಿ ಹೊಡೆಯಲು ಹೋಗುವುದು ನಿಮಗೆಲ್ಲ ಗೊತ್ತೇ ಇದೆ. ಇವತ್ತು ಪಕ್ಕದ ಬೆಂಚಿಗೆ ಒಬ್ಬ ಹುಡುಗ ಬಂದ. ಇಪ್ಪತ್ತೈದು ಇಪ್ಪತ್ತಾರು ವರ್ಷ ಇರಬಹುದು. ಲೈಸೆನ್ಸು, ತರಬೇತಿ ಎಲ್ಲ ಮುಗಿಸಿ ಮೊದಲ ಸಲ ಸ್ವಂತ ರೈಫಲ್ ತಂದಿದ್ದ. ಪೆಟ್ಟಿಗೆ ತೆಗೆಯುವಾಗ ಅವನ ಮುಖದಲ್ಲಿದ್ದ ಖುಷಿ ನೋಡಿ ನನಗೂ ಖುಷಿಯಾಯಿತು. ಒಳಗಿದ್ದದ್ದು .308 ಸೆಮಿ ಆಟೊಮ್ಯಾಟಿಕ್. .308 ಅಂದರೆ ಹೆಚ್ಚುಕಡಿಮೆ ಗುಂಡಿನ ಅಗಲ, ಇಂಚಿನ ಲೆಕ್ಕದಲ್ಲಿ. ಸೆಮಿ ಆಟೊಮ್ಯಾಟಿಕ್ ಅಂದರೆ ಟ್ರಿಗರ್ ಎಳೆದಾಗಲೆಲ್ಲ ಒಂದು ಗುಂಡು ಹಾರಿ, ಮುಂದಿನದು ತಾನೇ ಬಂದು ಕೂರುವಂಥದ್ದು. ಮೇಲೆ 24 ಪಟ್ಟು ದೊಡ್ಡದು ಮಾಡಿ ತೋರಿಸುವ ಸ್ಕೋಪ್. ಕೆಳಗೆ ಬೈಪಾಡ್, ಅಂದರೆ ಎರಡು ಕಾಲಿನ ಆಸರೆ. ನಳಿಗೆಯ ತುದಿಗೆ ಮಝಲ್ ಬ್ರೇಕ್, ಅಂದರೆ ಭುಜಕ್ಕೆ ಬೀಳುವ ಒದೆತ ತಗ್ಗಿಸಲು ಸಿಡಿದ ಗಾಳಿಯನ್ನು ಪಕ್ಕಕ್ಕೆ ತಿರುಗಿಸುವ ಭಾಗ. ಎಲ್ಲ ಸೇರಿ ಐದಾರು ಕೆಜಿ. ನಾವು ಹೊಡೆಯುತ್ತಿದ್ದದ್ದು 50 ಮೀಟರ್ ದೂರದ ಕಾಗದಕ್ಕೆ.

ಮೊದಲ ಗುಂಡಿಗೇ ಶೀಟಿನ ಮಾಡು ಅದುರಿತು. ಬ್ರೇಕಿನಿಂದ ಪಕ್ಕಕ್ಕೆ ನುಗ್ಗಿದ ಗಾಳಿ ನನ್ನ ಕೆನ್ನೆಗೆ ಬಡಿಯಿತು. ಐದನೇ ಗುಂಡಿನ ಹೊತ್ತಿಗೆ ಅವನು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಿದ್ದ. ಹನ್ನೆರಡು ಆದ ಮೇಲೆ ಭುಜ ಉಜ್ಜಿಕೊಳ್ಳುತ್ತ ಕೂತುಬಿಟ್ಟ. ಕಾಗದದ ಮೇಲೆ ನಾಲ್ಕೇ ತೂತು. ನಾಲ್ಕೂ ಕೆಳಗಡೆ, ಒಂದಕ್ಕೊಂದು ಸಂಬಂಧವೇ ಇಲ್ಲ.

"ಇದನ್ನೇ ತಗೋ ಅಂತ ಯಾರು ಹೇಳಿದ್ರು?" ಅಂತ ಕೇಳಿದೆ.

"ಎಲ್ರೂ ಹೇಳಿದ್ರು ಸರ್. ಚಿಕ್ಕದು ತಗೊಂಡ್ರೆ ಆರು ತಿಂಗಳಿಗೆ ಬೇಜಾರಾಗುತ್ತೆ, ಒಂದೇ ಸಲ ದೊಡ್ಡದು ತಗೊಂಡುಬಿಡು ಅಂದ್ರು."

ನನ್ನ ಸಿಟ್ಟು ಆ ಹುಡುಗನ ಮೇಲಲ್ಲ. ಈ 'ಎಲ್ಲರ' ಮೇಲೆ. ಸಲಹೆ ಕೊಟ್ಟವರಲ್ಲಿ ಒಬ್ಬರಾದರೂ ಇವತ್ತು ಅವನ ಪಕ್ಕ ನಿಂತಿದ್ದರಾ? ಇಲ್ಲ. ಅವನ ಕಿವಿ ಊದಿ ಕಳಿಸಿದರು. ಒದೆ ತಿಂದದ್ದು ಅವನು.

ರೇಂಜ್ ಆಫೀಸರಿಗೆ ಹೇಳಿ, ಅವನ ಒಪ್ಪಿಗೆ ತಗೊಂಡು ಒಂದು ಪರೀಕ್ಷೆ ಮಾಡಿದೆ. ಅವನು ಬೇರೆ ಕಡೆ ತಿರುಗಿದ್ದಾಗ ಗುಂಡು ತುಂಬುವ ಡಬ್ಬಿ, ಅಂದರೆ ಮ್ಯಾಗಜೀನ್‌ನಲ್ಲಿ ಎರಡು ನಿಜವಾದ ಗುಂಡಿನ ನಂತರ ಒಂದು ಡಮ್ಮಿ ತುಂಬಿಸಿದೆ. ಡಮ್ಮಿ ಅಂದರೆ ಮದ್ದಿಲ್ಲದ, ಆಕಾರ ಮಾತ್ರ ಇರುವ ಗುಂಡು. ಮೂರನೇ ಸಲ ಟ್ರಿಗರ್ ಎಳೆದಾಗ ಟಿಕ್ ಅಂತ ಸದ್ದು, ಅಷ್ಟೇ. ಸಿಡಿತ ಇಲ್ಲ, ಒದೆತ ಇಲ್ಲ. ಆದರೂ ನಳಿಗೆಯ ತುದಿ ನಾಲ್ಕು ಬೆರಳು ಕೆಳಕ್ಕೆ ಧುಮುಕಿತು. ಅವನು ತಲೆ ಎತ್ತಿ ನನ್ನನ್ನೇ ನೋಡಿದ.

"ಇದು ನಾನೇ ಮಾಡ್ತಾ ಇರೋದು ಅಲ್ವಾ ಸರ್?"

ಹೌದು. ಒದೆತ ಬರುವ ಮೊದಲೇ ಮೈ ಅದಕ್ಕೆ ಸಿದ್ಧವಾಗಿ ರೈಫಲ್ಲನ್ನು ಮುಂದಕ್ಕೆ ಕೆಳಕ್ಕೆ ತಳ್ಳುತ್ತದೆ. ನಾವು ಇದನ್ನು ಬೆಚ್ಚುವುದು ಅನ್ನುತ್ತೇವೆ. ಇದು ಧೈರ್ಯದ ಮಾತೇ ಅಲ್ಲ. ಕಿವಿಯ ಹತ್ತಿರ ಅಷ್ಟು ದೊಡ್ಡ ಸದ್ದು, ಭುಜಕ್ಕೆ ಅಂಥ ಗುದ್ದು ಬಿದ್ದರೆ ಯಾರ ಮೈಯಾದರೂ ಹಾಗೇ ಮಾಡುತ್ತದೆ. ತೊಂದರೆ ಏನೆಂದರೆ ಆ ಅಭ್ಯಾಸ ಒಂದು ಸಲ ಅಂಟಿಕೊಂಡರೆ ಬೇಗ ಬಿಡುವುದಿಲ್ಲ.

ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ, ಏಕೆಂದರೆ ನನಗೂ ಅಂಟಿತ್ತು. ನಿಮಗ್ಯಾರಿಗೂ ಹೇಳಿರಲಿಲ್ಲ. ನನ್ನ ಮೊದಲ ರೈಫಲ್ ಕೂಡ ದೊಡ್ಡದೇ. ಅದರ ಫೋಟೋ ಇಲ್ಲೇ ಹಾಕಿದ್ದೆ, ನೀವೆಲ್ಲ ಲೈಕ್ ಒತ್ತಿದ್ದಿರಿ. ಗುರಿಕಾಗದದ ಫೋಟೋ ಒಂದನ್ನೂ ಹಾಕಿರಲಿಲ್ಲ, ಗಮನಿಸಿದ್ದಿರಾ? ತೋರಿಸುವಂಥದ್ದು ಇರಲಿಲ್ಲ. ಎರಡು ವರ್ಷ ಬೆಚ್ಚುತ್ತಲೇ ಹೊಡೆದೆ. ಆಮೇಲೆ ಒಬ್ಬ ಹಿರಿಯರು ಕೈಗೆ ಚಿಕ್ಕ ಗುಂಡಿನ .22 ಕೊಟ್ಟರು. ಮನೆಯಲ್ಲಿ ದಿನಾ ಸಂಜೆ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಚೇಂಬರ್ (ನಳಿಗೆಯ ಹಿಂಬದಿಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆ ಅಂತ ಎರಡೆರಡು ಸಲ ನೋಡಿ, ನಳಿಗೆಯ ಮೇಲೆ ಒಂದು ನಾಣ್ಯ ಇಟ್ಟು ಟ್ರಿಗರ್ ಒತ್ತುವುದು. ನಾಣ್ಯ ಬೀಳಬಾರದು. ಆರು ತಿಂಗಳು ಬೇಕಾಯಿತು. ಆ ಎರಡು ವರ್ಷ ನನಗೆ ಯಾರೂ ವಾಪಸ್ ಕೊಡುವುದಿಲ್ಲ. ಅದಕ್ಕೇ ಇವತ್ತು ಇಷ್ಟು ಕೋಪ.

ವ್ಯತ್ಯಾಸ ಎಷ್ಟು ಅಂತ ಕೇಳಿದರೆ, ಸಾಮಾನ್ಯ .22 ಲಾಂಗ್ ರೈಫಲ್ ಗುಂಡಿನ ತೂಕ ಸುಮಾರು 2.6 ಗ್ರಾಂ. .308ರದು ಅದರ ನಾಲ್ಕು ಪಟ್ಟಿನ ಹತ್ತಿರ, ವೇಗ ಎರಡು ಪಟ್ಟಿಗಿಂತ ಜಾಸ್ತಿ. ಇಷ್ಟೂ ನಿಮ್ಮ ಭುಜದ ಲೆಕ್ಕಕ್ಕೇ ಬರುತ್ತದೆ. ನಡುವೆ .223 ಇದೆ. ಗುಂಡು ಹಗುರ, ವೇಗ ಬಹಳ, ಒದೆತ ತಡೆದುಕೊಳ್ಳುವಂಥದ್ದು, ಆದರೆ ಸದ್ದು ಸಣ್ಣದಲ್ಲ. ಹೊಸಬರನ್ನು ಬೆಚ್ಚಿಸುವುದು ಒದೆತ ಒಂದೇ ಅಲ್ಲ, ಅರ್ಧ ಕೆಲಸ ಸದ್ದೇ ಮಾಡುತ್ತದೆ.

".22 ಆಟದ ಸಾಮಾನು" ಅನ್ನುವವರಿಗೆ ಒಂದು ಮಾತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದದ್ದು ಇದೇ .22 ಗುಂಡಿನಿಂದ. ಅದು ಒಂದೊಂದೇ ಗುಂಡು ಹಾಕಿ ಹೊಡೆಯುವ ರೈಫಲ್, ಸೆಮಿ ಆಟೊಮ್ಯಾಟಿಕ್ ಅಲ್ಲ, ಒಪ್ಪುತ್ತೇನೆ. ಆದರೆ ಗುಂಡು ಅದೇ. ಆ ಗುರಿಕಾಗದದ ನಡುವೆ ಹತ್ತು ಅಂಕ ಕೊಡುವ ವೃತ್ತದ ಅಗಲ 10.4 ಮಿಲಿಮೀಟರ್. ಶರ್ಟಿನ ಗುಂಡಿಯಷ್ಟು. ಅದಕ್ಕೆ 50 ಮೀಟರ್‌ನಿಂದ ಹೊಡೆಯಬೇಕು, ಅದೂ ನಿಂತು, ಮಂಡಿಯೂರಿ, ಮಲಗಿ. ಆಟದ ಸಾಮಾನಂತೆ!

ಇನ್ನೊಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. .22 ಗುಂಡು ನಿಧಾನ. ಟ್ರಿಗರ್ ಒತ್ತಿದ ಮೇಲೂ ಅದು ನಳಿಗೆಯೊಳಗೆ ಜಾಸ್ತಿ ಹೊತ್ತು ಇರುತ್ತದೆ. ಅಷ್ಟರಲ್ಲಿ ನೀವು ತಲೆ ಎತ್ತಿದರೆ, ಬೆರಳು ಜಗ್ಗಿದರೆ ಕಾಗದ ಹೇಳಿಬಿಡುತ್ತದೆ. ನಿಮ್ಮ ತಪ್ಪನ್ನು ಅದು ಮುಚ್ಚಿಡುವುದಿಲ್ಲ. 50 ಮೀಟರ್‌ಗೆ ಸರಿಮಾಡಿಟ್ಟ .22ರಲ್ಲಿ 100 ಮೀಟರ್‌ಗೆ ಹೊಡೆದರೆ ಗುಂಡು ಹತ್ತಿರ ಹತ್ತಿರ ಒಂದು ಗೇಣು ಕೆಳಗೆ ಬೀಳುತ್ತದೆ. ಸ್ವಲ್ಪ ಗಾಳಿ ಬೀಸಿದರೂ ಪಕ್ಕಕ್ಕೆ ಸರಿಯುತ್ತದೆ. ದೊಡ್ಡ ರೈಫಲ್ಲಿನಲ್ಲಿ ಈ ಪಾಠ ಕಲಿಯಲು ಬಹಳ ದೂರದ ರೇಂಜ್ ಬೇಕು. ಇಲ್ಲಿ ನೂರು ಮೀಟರ್ ಸಾಕು. ಗುಂಡಿನ ಖರ್ಚೂ ಕಡಿಮೆ. ಒಂದು ಡಬ್ಬಿ .308 ಮುಗಿಸುವ ದುಡ್ಡಿನಲ್ಲಿ .22 ಹೊಡೆದು ಹೊಡೆದು ಕೈ ಕೂರಿಸಿಕೊಳ್ಳಬಹುದು.

ಹಾಗಾದರೆ ಯಾವುದು ಕೊಳ್ಳುವುದು? ಕೇಳಿದವರಿಗೆಲ್ಲ ನಾನು ಮೊದಲು ತೋರಿಸುವುದು ರುಗರ್ 10/22. 1964ರಲ್ಲಿ ಬಂದದ್ದು, ಇವತ್ತಿಗೂ ತಯಾರಾಗುತ್ತಿದೆ. ಮ್ಯಾಗಜೀನ್ ಒಳಗೆ ಹತ್ತು ಗುಂಡು ಗಿರಗಿಟ್ಲೆಯ ಹಾಗೆ ಸುತ್ತುತ್ತವೆ, ಹಾಗಾಗಿ ಮ್ಯಾಗಜೀನ್ ಹೊರಗೆ ಚಾಚಿಕೊಳ್ಳುವುದಿಲ್ಲ. ಮಾಮೂಲಿ ಮಾದರಿ ಎರಡೂವರೆ ಕೆಜಿಯೊಳಗೆ. ಬಿಡಿಭಾಗಗಳು ಸಲೀಸಾಗಿ ಸಿಗುತ್ತವೆ. ಮುಂದೆ ಎಆರ್-15 (.223 ಥರದ ಗುಂಡಿನ ಸೆಮಿ ಆಟೊಮ್ಯಾಟಿಕ್ ರೈಫಲ್) ತಗೊಳ್ಳುವ ಆಸೆ ಇದ್ದವರಿಗೆ ಅದೇ ಆಕಾರದ, ಸೇಫ್ಟಿ ಮತ್ತು ಮ್ಯಾಗಜೀನ್ ಗುಂಡಿಗಳು ಅದೇ ಜಾಗದಲ್ಲಿರುವ .22 ರೈಫಲ್‌ಗಳೂ ಇವೆ. ಬೆರಳಿಗೆ ಅಭ್ಯಾಸವಾಗುತ್ತದೆ, ಒಳ್ಳೆಯದೇ. ನಳಿಗೆಯ ಕೆಳಗಿನ ಕೊಳವೆಗೆ ಗುಂಡು ತುಂಬುವ ಮಾದರಿಗಳು, ಮಾರ್ಲಿನ್ 60 ಥರದವು, ಚೆನ್ನಾಗಿ ಹೊಡೆಯುತ್ತವೆ. ಆದರೆ ಮ್ಯಾಗಜೀನ್ ಬಿಚ್ಚಿ ಬೆಂಚಿನ ಮೇಲಿಟ್ಟು 'ನೋಡಿ, ಖಾಲಿ' ಅಂತ ತೋರಿಸಲು ಬರುವುದಿಲ್ಲ. ಹೊಸಬರಿಗೆ ಅಷ್ಟು ಸ್ಪಷ್ಟವಾಗಿ ಕಾಣಬೇಕು ಅನ್ನುವುದು ನನ್ನ ಹಟ.

ಹೆಸರಿಗಿಂತ ಮುಖ್ಯ ಅದು ನಿಮ್ಮ ಮೈಗೆ ಕೂರುತ್ತದಾ ಅನ್ನುವುದು. ಖಾಲಿ ರೈಫಲ್ಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಕೆನ್ನೆಯನ್ನು ಸ್ಟಾಕಿಗೆ, ಅಂದರೆ ಭುಜಕ್ಕೆ ಆನಿಸುವ ಹಿಂಬದಿಯ ಭಾಗಕ್ಕೆ, ಒರಗಿಸಿ ಕಣ್ಣು ತೆರೆಯಿರಿ. ಗುರಿ ನೋಡುವ ಕಣ್ಣಿನ ನೇರಕ್ಕೇ ಸೈಟ್ (ನಳಿಗೆಯ ಮೇಲಿನ ಗುರಿ ಹಿಡಿಯುವ ಗುರುತು) ಇದ್ದರೆ ಸರಿ. ಕತ್ತು ಚಾಚಬೇಕಾದರೆ, ತಲೆ ಎತ್ತಬೇಕಾದರೆ ಆ ಸ್ಟಾಕ್ ನಿಮ್ಮದಲ್ಲ. ಸ್ಕೋಪ್ ಬೇಕೇ ಬೇಕು ಅಂದರೆ ನಾಲ್ಕು ಪಟ್ಟಿನದು ಸಾಕು. 24 ಪಟ್ಟಿನಲ್ಲಿ ನಿಮ್ಮ ನಾಡಿಬಡಿತವೂ ಭೂಕಂಪದ ಹಾಗೆ ಕಾಣುತ್ತದೆ. ಸ್ಕೋಪಿನೊಳಗಿನ ಗೆರೆ ಗುರಿಯ ಮೇಲೆ ಹಾದುಹೋಗುವ ಕ್ಷಣ ಹಿಡಿಯಲು ಹೋಗಿ ಟ್ರಿಗರ್ ಜಗ್ಗಿಬಿಡುತ್ತೀರಿ. ಆ ಹುಡುಗನೂ ಇವತ್ತು ಅದನ್ನೇ ಮಾಡುತ್ತಿದ್ದ.

.22 ಸೆಮಿ ಆಟೊಮ್ಯಾಟಿಕ್‌ಗೆ ಅದರದ್ದೇ ತರಲೆ ಇದೆ, ಮುಚ್ಚಿಡುವುದಿಲ್ಲ. ಇದರಲ್ಲಿ ಬೋಲ್ಟನ್ನು, ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ಲೋಹದ ತುಂಡನ್ನು, ಬಿಗಿಯುವ ಲಾಕ್ ಇರುವುದಿಲ್ಲ. ಬೋಲ್ಟಿನ ಭಾರ ಮತ್ತು ಸ್ಪ್ರಿಂಗ್ ಅಷ್ಟೇ ಅದನ್ನು ಹಿಡಿದಿರುತ್ತವೆ. ಗುಂಡು ಸಿಡಿದ ರಭಸಕ್ಕೆ ಖಾಲಿ ಕೇಸೇ (ಮದ್ದು ತುಂಬಿದ್ದ ಲೋಹದ ಚಿಪ್ಪು) ಬೋಲ್ಟನ್ನು ಹಿಂದಕ್ಕೆ ತಳ್ಳಬೇಕು. ನಿಧಾನದ ಗುಂಡು ಹಾಕಿದರೆ ಆ ರಭಸ ಸಾಲದೆ ಕೇಸ್ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಮೊದಲೇ ಸಾವಿರ ಗುಂಡು ಕೊಳ್ಳಬೇಡಿ. ನಾಲ್ಕೈದು ಬಗೆಯವು ಒಂದೊಂದು ಡಬ್ಬಿ ತಂದು ಹೊಡೆದು ನೋಡಿ. ನಿಮ್ಮ ರೈಫಲ್ಲಿಗೆ ಯಾವುದು ಒಗ್ಗುತ್ತದೋ ಅದನ್ನು ತಗೊಳ್ಳಿ. ಸಿಡಿಯುವ ಮದ್ದು ಕೇಸಿನ ಅಂಚಿನೊಳಗೆ ಇರುವುದರಿಂದ ಆಗಾಗ ಒಂದು ಗುಂಡು ಸಿಡಿಯದೇ ಉಳಿಯುತ್ತದೆ. ಆಗ ನಳಿಗೆ ಗುರಿಯ ಕಡೆಗೇ ಇರಲಿ, ಮೂವತ್ತು ಸೆಕೆಂಡ್ ಕಾಯಿರಿ, ಆಮೇಲೆ ತೆಗೆಯಿರಿ. ಸದ್ದು ಮಾಮೂಲಿಗಿಂತ ಸಣ್ಣಗೆ ಪುಸ್ ಅಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಮತ್ತೆ, .22 ಅಂತ ಕಿವಿಗೆ ಏನೂ ಹಾಕದೆ ಹೊಡೆಯಬೇಡಿ. ಮುಗಿದ ಮೇಲೆ ಕೈ ಸೋಪಿನಲ್ಲಿ ತೊಳೆಯಿರಿ. ಇದರ ಗುಂಡು ಬಹಳಷ್ಟು ಸಲ ಬರೀ ಸೀಸ.

'ಸೆಮಿ ಆಟೊಮ್ಯಾಟಿಕ್ ಯಾಕೆ, ಮೊದಲು ಪ್ರತಿ ಗುಂಡಿಗೂ ಕೈಯಲ್ಲೇ ಬೋಲ್ಟ್ ಎಳೆಯುವ ಬೋಲ್ಟ್ ಆಕ್ಷನ್ ಕಲಿಯಲಿ, ಇಲ್ಲದಿದ್ದರೆ ಪಟಪಟ ಅಂತ ಹೊಡೆದು ಗುಂಡು ಹಾಳು ಮಾಡುತ್ತಾರೆ' ಅಂತ ಕೆಲವರು ಹೇಳುತ್ತಾರೆ. ಈ ಮಾತಲ್ಲಿ ಸ್ವಲ್ಪ ನಿಜ ಇದೆ. ಆದರೆ ಅದಕ್ಕೆ ಬೇರೆ ರೈಫಲ್ ಬೇಕಾಗಿಲ್ಲ. ಮ್ಯಾಗಜೀನ್‌ಗೆ ಒಂದೇ ಗುಂಡು ಹಾಕಿ. ಹೊಡೆಯಿರಿ, ಇಳಿಸಿ, ಉಸಿರು ಬಿಡಿ, ಇನ್ನೊಂದು ಹಾಕಿ. ನಾನು ಈಗಲೂ ಪ್ರತಿ ವಾರ ಮೊದಲ ಇಪ್ಪತ್ತು ಹೀಗೇ ಹೊಡೆಯುವುದು.

'ಆರು ತಿಂಗಳಿಗೆ ಬೇಜಾರಾಗುತ್ತೆ' ಅನ್ನುವುದನ್ನಂತೂ ನಾನು ಒಪ್ಪುವುದೇ ಇಲ್ಲ. 50 ಮೀಟರ್‌ನಲ್ಲಿ ಹತ್ತಕ್ಕೆ ಹತ್ತನ್ನೂ ಒಂದು ನಾಣ್ಯದೊಳಗೆ ಕೂರಿಸಿದ ಮೇಲೆ ಬೇಜಾರಾಗಿದೆ ಅಂತ ಹೇಳಲಿ, ಕೇಳುತ್ತೇನೆ. ಆಗ .223ಗೆ ಹೋಗಬಹುದು, ತಪ್ಪೇನಿಲ್ಲ. ಹೋಗುವಾಗ ಒಂದು ನೆನಪಿಡಿ. .223 ಮತ್ತು 5.56 (ಇದು ಮಿಲಿಮೀಟರ್ ಲೆಕ್ಕದ ಹೆಸರು) ಅಕ್ಕ ತಂಗಿಯರ ಹಾಗೆ ಕಂಡರೂ ಒಂದೇ ಅಲ್ಲ. 5.56 ಅಂತ ಕೆತ್ತಿರುವ ನಳಿಗೆಯಲ್ಲಿ .223 ಹೊಡೆಯಬಹುದು. .223 ಅಂತ ಮಾತ್ರ ಕೆತ್ತಿದ್ದರೆ 5.56 ಹಾಕಬಾರದು, ಒತ್ತಡ ಮಿತಿ ಮೀರುತ್ತದೆ. ಅಂದಹಾಗೆ ಎಆರ್ ಅಂದರೆ ಅಸಾಲ್ಟ್ ರೈಫಲ್ ಅಲ್ಲ, ಅದನ್ನು ರೂಪಿಸಿದ ಆರ್ಮಲೈಟ್ ಕಂಪನಿಯ ಹೆಸರು.

ಕಾನೂನಿನ ಲೆಕ್ಕದಲ್ಲೂ .22 ಕಡೆಗೇ ತಕ್ಕಡಿ ವಾಲುತ್ತದೆ. ಬ್ರಿಟನ್ 1988ರಲ್ಲಿ ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳನ್ನು ನಿಷೇಧಿಸಿದಾಗ .22 ರಿಮ್‌ಫೈರನ್ನು (ಸಿಡಿಯುವ ಮದ್ದು ಅಂಚಿನಲ್ಲಿರುವಂಥದ್ದು) ನಿಷೇಧದಿಂದ ಹೊರಗಿಟ್ಟಿತು. ನ್ಯೂಜಿಲೆಂಡ್ 2019ರಲ್ಲಿ ಹತ್ತು ಗುಂಡಿನವರೆಗಿನ .22ಕ್ಕೆ ವಿನಾಯಿತಿ ಇಟ್ಟಿತು. ಆಸ್ಟ್ರೇಲಿಯಾ 1996ರ ನಂತರ ಇದಕ್ಕೂ ಬಿಗಿ ಮಾಡಿದೆ. ಹಾಗಾಗಿ ದುಡ್ಡು ಕೊಡುವ ಮೊದಲು ನೀವಿರುವ ಕಡೆಯ ಕಾನೂನು ಓದಿ. ನಿಮ್ಮ ರೇಂಜ್‌ನ ನಿಯಮ ಕೇಳಿ. ಎಷ್ಟೋ ರೇಂಜ್‌ಗಳಲ್ಲಿ ಅಯಸ್ಕಾಂತಕ್ಕೆ ಅಂಟುವ ಗುಂಡು ಹೊಡೆಯಲು ಬಿಡುವುದಿಲ್ಲ.

ಮತ್ತೆ ಆ ಹುಡುಗನ ಕಥೆ. ಡಮ್ಮಿ ಪರೀಕ್ಷೆ ಆದ ಮೇಲೆ ಅವನ .308ಕ್ಕೆ ಖಾಲಿ ಇದೆ ಅಂತ ತೋರಿಸುವ ಚೇಂಬರ್ ಫ್ಲ್ಯಾಗ್ ಹಾಕಿ ಪಕ್ಕಕ್ಕಿಟ್ಟೆವು. ನನ್ನ 10/22 ಕೊಟ್ಟೆ, ಹತ್ತು ಗುಂಡು. ಮೊದಲ ಮೂರು ಎತ್ತೆತ್ತಲೋ ಹೋದವು. ಮೈ ಇನ್ನೂ ಗುದ್ದಿಗೆ ಕಾಯುತ್ತಿತ್ತು. ಗುದ್ದು ಬರಲಿಲ್ಲ. ನಾಲ್ಕನೆಯದಕ್ಕೆ ಭುಜ ಇಳಿಯಿತು. ಆರನೆಯದಕ್ಕೆ ಕಣ್ಣು ತೆರೆದೇ ಇತ್ತು. ಖಾಲಿ ಕೇಸ್ ಚಿಮ್ಮಿ ಹಾರುವುದನ್ನು ಅವನು ಮೊದಲ ಸಲ ನೋಡಿದ್ದು ಆಗಲೇ ಇರಬೇಕು. ಕೊನೆಯ ಐದು ತೂತು ಅಂಗೈಯಲ್ಲಿ ಮುಚ್ಚುವಷ್ಟು ಜಾಗದಲ್ಲಿದ್ದವು.

ಕಾಗದ ಬಿಚ್ಚಿ ತಂದು, ಮಡಚದೆ ಹಾಗೇ ಹಿಡಿದುಕೊಂಡು ಕೇಳಿದ. "ಸರ್, ಇನ್ನು ಹತ್ತು ಇದೆಯಾ?"

ಇತ್ತು. ಡಬ್ಬಿಯನ್ನೇ ಕೊಟ್ಟು ಬಂದೆ.