ಏಳು ತಬಲಾ ಇಟ್ಕೊಂಡಾಂವ ಕೇಳಿದ ಪ್ರಶ್ನೆ

ನಿನ್ನೆ ರಾತ್ರಿ ವಿದ್ಯಾನಗರದಾಗ ಗಾಡಿಯಿಂದ ಸಾಮಾನು ಇಳಸೂ ಮುಂದ ಒಬ್ಬ ದೋಸ್ತ ನನ್ನ ಹೆಗಲ ಮ್ಯಾಲಿನ ಎರಡು ಬೇಸ್ ಗಿಟಾರಿನ (ತಗ್ಗಿನ ಸ್ವರದ ಗಿಟಾರ್) ಚೀಲ ನೋಡಿ ನಕ್ಕ. "ಮತ್ತೊಂದು ತಗೊಂಡಿ ಅಂತಲ್ಲಲೇ? ಎಲ್ಲಾದಕ್ಕೂ ನಾಕ ತಂತಿನ ಅಲ್ಲೇನು? ಒಂದರಾಗ ಬಾರ್ಸಾಕ ಏನ್ ಧಾಡಿ?"

ಕೇಳಿದಾಂವ ಯಾರು ಗೊತ್ತೈತೇನು? ತಬಲಾ ಬಾರ್ಸಾಂವ. ಅವನ ಮನಿ ಕಪಾಟಿನ ಮ್ಯಾಲ ಏಳು ತಬಲಾ ಸಾಲಾಗಿ ಟೋಪಿಗಿ ಹಾಕ್ಕೊಂಡು ಕುಂತಾವ. ಹಾಡವ್ರ ಸುರಕ್ಕ ತಕ್ಕಂಗ, ಪೇಟಿಯ (ಹಾರ್ಮೋನಿಯಂ) ಕರಿ ಒಂದಕ್ಕ ಒಂದು, ಬಿಳಿ ಎರಡಕ್ಕ ಒಂದು, ಹೆಣ್ಮಕ್ಕಳು ಕರಿ ನಾಕು-ಐದರಾಗ ಹಾಡಿದ್ರ ದೊಡ್ಡ ಬಾಯಿದು ಬ್ಯಾರೆ. ಅದರ ಮ್ಯಾಲ ಡಗ್ಗಾ ಎರಡು. ಅವಗ ಯಾರಾದ್ರೂ "ಎಲ್ಲಾದಕ್ಕೂ ಒಂದ ಚರ್ಮ, ಒಂದ ಶಾಯಿ ಅಲ್ಲೇನಪಾ" ಅಂತ ಕೇಳ್ಯಾರೇನು? ಕೇಳಿದ್ರ ಸುತಗಿ ತಗೊಂಡು ಬೆನ್ನ ಹತ್ತತಾನ. ಧಾರವಾಡದಾಗ ಗಂಡಸರ ತಂಬೂರಿ ಬ್ಯಾರೆ, ಹೆಣ್ಮಕ್ಕಳ ತಂಬೂರಿ ಬ್ಯಾರೆ, ಎರಡಕ್ಕೂ ನಾಕ ತಂತಿ, ಎರಡೂ ಮಿರಜಿಂದ ಬರ್ತಾವ. ಯಾರಿಗೂ ಹೊಟ್ಟಿ ನೋಯೂದಿಲ್ಲ. ಬೇಸ್ ಗಿಟಾರ್ ಅಂದಕೂಡ್ಲೆ ಮಾತ್ರ ಎಲ್ಲಾರೂ ಲೆಕ್ಕಪರಿಶೋಧಕರು.

ಸರಿ, ಲೆಕ್ಕ ಕೊಡ್ತೀನಿ.

ತಂತಿ ನಾಕ, ಖರೆ. ಇ 41 ಹರ್ಟ್ಜ್, ಎ 55, ಡಿ 73, ಜಿ 98. ಎಲ್ಲಾದಕ್ಕೂ ಇವ ಸ್ವರ. ಆದ್ರ ತಂತಿಯ ಸಪ್ಪಳ ಅದನ್ನ ಎಲ್ಲಿ ನಿಂತು ಕೇಳ್ತೀರಿ ಅನ್ನೂದ್ರ ಮ್ಯಾಲ ಐತಿ. ಬ್ರಿಜ್ (ತಂತಿ ಮೈ ಮ್ಯಾಲ ಕೂಡೂ ತುದಿ) ಹತ್ರ ಪಿಕಪ್ (ತಂತಿಯ ನಡುಕ ಹಿಡಿಯೂ ಅಯಸ್ಕಾಂತ-ಸುರುಳಿ) ಇಟ್ರ ಮ್ಯಾಲಿನ ಹಾರ್ಮೋನಿಕ್ (ಮೂಲ ಸ್ವರದ ಜೋಡಿ ಹುಟ್ಟೂ ಏರು ಸ್ವರ) ಜಾಸ್ತಿ, ದನಿ ಮೂಗಿಂದ ಬಂದಂಗ. ನೆಕ್ (ಎಡಗೈ ಹಿಡಿಯೂ ಕುತ್ತಿಗಿ) ಕಡೆ ಸರಿಸಿದಷ್ಟು ದುಂಡಗ. ಒಂದ ಬಾಗಲ ಮನಿಯೊಳಗ ಅಡಗಿ ಮನಿಯಿಂದ ಕೇಳೂದಕ್ಕೂ ಕಟ್ಟಿ ಮ್ಯಾಲಿಂದ ಕೇಳೂದಕ್ಕೂ ಫರಕ್ ಇಲ್ಲೇನು?

ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಾಗ ಪ್ರಿಸಿಷನ್ ಬೇಸ್ ತಂದಾ. ಹೆಸರಿನಾಗ ಕಾರಣ ಐತಿ: ಫ್ರೆಟ್ (ನೆಕ್ಕಿನ ಮ್ಯಾಲಿನ ಲೋಹದ ಅಡ್ಡ ಪಟ್ಟಿ) ಇರೂದ್ರಿಂದ ಸ್ವರ ಕರೆಕ್ಟ್ ಬೀಳ್ತೈತಿ, ಡಬಲ್ ಬೇಸಿನಂಗ (ನಿಂತು ಬಾರ್ಸೂ ದೊಡ್ಡ ಪಿಟೀಲಿನಂಥ ವಾದ್ಯ) ಬೆರಳಿಂದ ಜಾಗಾ ಹುಡುಕೂದು ಬ್ಯಾಡ. 1957ರಾಗ ಅದಕ್ಕ ಎರಡು ತುಂಡಿನ ಪಿಕಪ್ ಬಂತು. ಎರಡೂ ಸುರುಳಿ ಉಲ್ಟಾ ಇರೂದಕ್ಕ ಕರೆಂಟಿನ ಝುಂ ಸಪ್ಪಳ ಒಂದನ್ನೊಂದು ನುಂಗಿಬಿಡ್ತೈತಿ. 1960ರಾಗ ಜಾಝ್ ಬೇಸ್: ಎರಡು ಪಿಕಪ್, ನಟ್ (ನೆಕ್ಕಿನ ತುದಿಯೊಳಗ ತಂತಿ ಹಾಯೂ ಸೀಳಿನ ಪಟ್ಟಿ) ಹತ್ರ ನೆಕ್ಕಿನ ಅಗಲ 38 ಮಿಲಿಮೀಟರ್. ಪ್ರಿಸಿಷನ್ನಿಂದು 41ರ ಮ್ಯಾಲ. ಮೂರು ಮಿಲಿಮೀಟರ್ ಏನ್ ಮಹಾ ಅಂತೀರಿ? ಎರಡು ತಾಸು ಬಾರಿಸಿ ಎಡಗೈ ಹೆಬ್ಬಟ್ಟಿನ ಬುಡಾನ ಕೇಳ್ರಿ, ಅದ ಹೇಳ್ತೈತಿ.

ಈಗ ನಮ್ಮ ಊರಿನ ಹಾಲ್‌ಗಳಿಗೆ ಬರ್ರಿ. ಸ್ಟೇಜ್ ತುಂಬ ಸೀರಿಯಲ್ ಸೆಟ್, ಹಿಂದ ಡಿಮ್ಮರ್ (ದೀಪದ ಬೆಳಕು ಏರಿಳಿಸೂ ಪೆಟ್ಟಿಗಿ), ಪಕ್ಕಕ್ಕ ಜನರೇಟರ್. ಜಾಝ್ ಬೇಸಿನ ಎರಡೂ ವಾಲ್ಯೂಮ್ ಪೂರ್ತಿ ತಗದಿದ್ರ ಎರಡು ಪಿಕಪ್ ಕೂಡಿ ಝುಂ ಅನ್ನೂದನ್ನ ಹೊಡದ ಹಾಕ್ತಾವ. ಒಂದನ್ನ ಇಳಿಸಿದ್ರಿ ಅಂದ್ರ ಒಂಟಿ ಸುರುಳಿ, ಜೇನಹುಳ ಎದ್ದಂಗ. ಛಲೋ ಟೋನ್ ಇರೂದು ಬರೇ ಹಿಂದಿನ ಪಿಕಪ್ಪಿನಾಗ, ಆದ್ರ ಆ ಹಾಲಿನಾಗ ಅದನ್ನ ಬಾರ್ಸಾಕ ಬರೂದಿಲ್ಲ. ಅದಕ್ಕ ಮದವಿ ಹಾಲಿಗೆ ಪ್ರಿಸಿಷನ್, ಅರ್ಥಿಂಗ್ ನೆಟ್ಟಗ ಇರೋ ಜಾಗಾಕ್ಕ ಜಾಝ್. ಎರಡು ಆದುವಲ್ಲ? ಇನ್ನೂ ಟೋನಿನ ಮಾತು ಸುರುನ ಮಾಡಿಲ್ಲ.

(ಅರ್ಥಿಂಗ್ ಅಂದಕೂಡ್ಲೆ ನೆನಪಾತು. ಮೂರು ಪಿನ್ನಿನ ಪ್ಲಗ್ಗಿನ ದೊಡ್ಡ ಪಿನ್ ಮುರದ ಒಗದು "ಈಗ ಹಮ್ ಹೋತು ನೋಡ್ರಿ" ಅನ್ನೂ ಸೌಂಡಿನವರಿಗೆ ಕೈ ಮುಗದು ಹೇಳ್ತೀನಿ: ಹಮ್ (ಆ ಝುಂ ಸಪ್ಪಳ) ಅಲ್ಲ, ಒಂದಿನ ಹಾಡವ್ರ ಜೀವ ಹೋಗ್ತೈತಿ. ಗಿಟಾರಿನ ತಂತಿ ಬ್ರಿಜ್ಜಿನ ತಳದ ವೈರ್‌ನಿಂದ ನೆಲಕ್ಕ ಕೂಡಿರ್ತಾವ. ಬೆರಳು ತಂತಿ ಮ್ಯಾಲ, ತುಟಿ ಮೈಕಿನ ಮ್ಯಾಲ, ಆಂಪಿನ ಅರ್ಥ್ ಪಿನ್ ಇಲ್ಲದ ಅದರ ಮೈಗೆ ಕರೆಂಟ್ ಬಂದು, ಮಿಕ್ಸರ್ ಅರ್ಥ್ ಆಗಿದ್ರ ಆ ಕರೆಂಟ್ ನಿಮ್ಮ ಮೈಯಾಗಿಂದ ಹಾದ ಹೋಗ್ತೈತಿ. ಹಮ್ ಬಂದ್ರ ಡಿಐ ಬಾಕ್ಸಿನ (ಬೇಸಿಗೂ ಮಿಕ್ಸರಿಗೂ ನಡುವ ಕೂಡಸೂ ಡಬ್ಬಿ) ಗ್ರೌಂಡ್ ಲಿಫ್ಟ್ ಗುಂಡಿ ಒತ್ರಿ. ಅದು ಬರೇ ಸಿಗ್ನಲ್ ಕೇಬಲ್ಲಿನ ಗ್ರೌಂಡ್ ಬಿಡಸ್ತೈತಿ, ಪ್ಲಗ್ಗಿಂದಲ್ಲ. ಮತ್ತ ಡಿಐ ಇಲ್ಲದ ಬೇಸನ್ನ ನೇರ ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಚುಚ್ಚಬ್ಯಾಡ್ರಿ. ಬ್ಯಾಟರಿ ಇಲ್ಲದ ಪಿಕಪ್ಪಿಗೆ 1 ಮೆಗಾಓಮ್ (ಸಾವಿರ ಕಿಲೋಓಮ್) ತಡೆ ಇರೋ ಇನ್‌ಪುಟ್ ಬೇಕು, ಲೈನ್ ಇನ್‌ಪುಟ್ ಹತ್ತಾರು ಕಿಲೋಓಮ್ ಇರ್ತೈತಿ. ಮ್ಯಾಲಿನ ಸಪ್ಪಳ ಎಲ್ಲಾ ಸತ್ತು ಕಂಬಳಿ ಹೊಚ್ಚಿದಂಗ ಆಗ್ತೈತಿ. ಆಮ್ಯಾಲ "ನಿಮ್ಮ ಬೇಸ್ ಡಲ್ ಐತ್ರಿ ಸರ" ಅಂತ ನಮಗ ಹೇಳ್ತೀರಿ.)

ಬ್ಲೂಸ್ (ಅಮೆರಿಕದ ಕಪ್ಪು ಜನರಿಂದ ಬಂದ ಸಂಗೀತ) ಮಾತಿಗೆ ಬರ್ತೀನಿ. ತಬಲಾದವನ ಭಾಷಾದಾಗ ಹೇಳಬೇಕಂದ್ರ 12 ಬಾರಿನ (ಬಾರು ಅಂದ್ರ ತಾಳದ ಒಂದು ವಿಭಾಗ) ಒಂದು ಆವರ್ತನ, ಒಂದೊಂದು ಬಾರಿಗೆ ನಾಕ ಮಾತ್ರಾ, ಒಂದೊಂದು ಮಾತ್ರಾದೊಳಗ ಮೂರರ ತೂಗಾಟ. ನಾಕ ಬಾರು ಸಾ ಮ್ಯಾಲ, ಎರಡು ಮ ಮ್ಯಾಲ, ಹೊಳ್ಳಿ ಎರಡು ಸಾ, ಆಮ್ಯಾಲ ಒಂದು ಪ, ಒಂದು ಮ, ಒಂದು ಸಾ, ಕಡೀಕ ಒಂದು ಪ, ಅದು ಹೊಳ್ಳಿ ಸಮಕ್ಕ ಎಳಕೊಂಡ ಬರ್ತೈತಿ. ಬೇಸ್ ನಡಿಯೂದು ಸಾ ಗ ಪ ಧ, ಕೋಮಲ ನಿ, ಧ ಪ ಗ. ಇಷ್ಟ. ಸ್ವರ ಹತ್ತು ನಿಮಿಷದಾಗ ಕಲೀಬಹುದು. ಸ್ವರ ಯಾವಾಗ ಸಾಯಬೇಕು ಅನ್ನೂದನ್ನ ಕಲ್ಯಾಕ ಹತ್ತು ವರ್ಷ. ಮುಂದಿನ ಸ್ವರ ಹುಟ್ಟೂಕಿಂತ ಒಂದ ಕೂದಲೆಳಿ ಮೊದಲ ಹಿಂದಿಂದು ಮುಗೀಬೇಕು, ಅಂದ್ರನ ತೂಗಾಟ ಬರ್ತೈತಿ. ಇಲ್ಲಾಂದ್ರ ಗೋಂದು ಚೆಲ್ಲಿದಂಗ.

ಇದಕ್ಕ ಕಾರಣ ಐತಿ. ವಿಲ್ಲಿ ಡಿಕ್ಸನ್‌ನಂಥವರು ಶಿಕಾಗೋದ ಬ್ಲೂಸ್ ಕಂಪನಿ ಚೆಸ್ ರೆಕಾರ್ಡ್ಸಿನಾಗ ಬಾರಿಸಿದ್ದು ಡಬಲ್ ಬೇಸ್. ಅದರ ಸ್ವರ ಧಪ್ ಅಂತ ಹುಟ್ಟಿ ಲಗೂನ ಆರತೈತಿ. ಬ್ಲೂಸಿನ ಕಿವಿ ಅದಕ್ಕ ಹೊಂದಿಕೊಂಡೈತಿ. ಅದನ್ನ ಕರೆಂಟಿನ ಬೇಸಿನಾಗ ತರಬೇಕಂದ್ರ ಫ್ಲಾಟ್‌ವೌಂಡ್ ತಂತಿ ಬೇಕು, ಮೈ ನುಣ್ಣಗಿಂದು. ಬ್ರಿಜ್ಜಿನ ಮುಂದ ತಂತಿ ಕೆಳಗ ಒಂದು ತುಂಡು ಫೋಮ್ ತುರಕಬೇಕು, ತಂತಿಗೆ ತಾಗಬೇಕು, ಒತ್ತಿ ಹಿಡೀಬಾರದು. ಟೋನ್ ನಾಬ್ ಅರ್ಧಕ್ಕಿಂತ ಕೆಳಗ. ಈಗ ಅದ ಬೇಸಿನಾಗ ಮುಂದಿನ ಹಾಡಿಗೆ ಸ್ಲ್ಯಾಪ್ (ಹೆಬ್ಬಟ್ಟಿಂದ ತಂತಿ ಬಡಿಯೂದು) ಹೊಡೀರಿ ನೋಡೋಣ! ರೊಟ್ಟಿ ತಟ್ಟಿದ ಸಪ್ಪಳ ಬರ್ತೈತಿ. ಅದಕ್ಕ ರೌಂಡ್‌ವೌಂಡ್ (ಮೈ ಒರಟ ಇರೋ ತಂತಿ) ಹಾಕಿದ್ದು ಬ್ಯಾರೆ ಬೇಕು.

"ತಂತಿ ಬದಲಿ ಮಾಡಿದ್ರ ಆತಲ್ಲ" ಅಂತ ಕೀಬೋರ್ಡಿನವ ನಡುವ ಬಾಯಿ ಹಾಕಿದ. ಅವನ ವಾದ್ಯದಾಗ ಒಂದು ಬಟನ್ ಒತ್ತಿದ್ರ ಸಿತಾರ್ ಆಗ್ತೈತಿ, ಅವಗೇನು ಗೊತ್ತು. ಬದಲಿ ಮಾಡೂದು ಹೆಂಗ ಅಂತ ಹೇಳ್ತೀನಿ, ಕೇಳ್ರಿ. 45ರಿಂದ 105ರ (ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಾಗ) ರೌಂಡ್‌ವೌಂಡ್ ತಗದು 52ರಿಂದ 110ರ ಫ್ಲಾಟ್ ಹಾಕಿದ್ರಿ ಅಂತ ಇಟ್ಕೊಳ್ರಿ. ಮೊದಲ ತ್ರಾಸು ನಟ್. 105ಕ್ಕ ಕೊರದ ಸೀಳಿನಾಗ 110 ಕೂಡೂದಿಲ್ಲ, ಮ್ಯಾಲ ನಿಂದರತೈತಿ. ಮೊದಲನೇ ಫ್ರೆಟ್ ಒತ್ತಿದ್ರ ಸ್ವರ ಏರಿ ಬರ್ತೈತಿ, ಸುರ ಕೂಡಸೂ ಮುಂದ ಟಿಕ್ ಟಿಕ್ ಅಂತ ಜಿಗೀತೈತಿ. ಸಣ್ಣ ಫೈಲಿಂದ ಸೀಳು ಅಗಲ ಮಾಡಬೇಕು. ಒಮ್ಮೆ ಅಗಲ ಮಾಡಿದ ಮ್ಯಾಲ ಹೊಳ್ಳಿ ಸಣ್ಣ ತಂತಿ ಹಾಕಿದ್ರ ಅದು ಸೀಳಿನಾಗ ಓಲಾಡತೈತಿ.

ಎರಡನೇದು ಎಳೆತ. ದಪ್ಪ ತಂತಿ ನೆಕ್ಕನ್ನ ಜಾಸ್ತಿ ಜಗ್ಗತೈತಿ, ನೆಕ್ ಬಿಲ್ಲಿನಂಗ ಬಾಗತೈತಿ. ಮೊದಲನೇ ಫ್ರೆಟ್ಟಿಗೆ ಕೇಪೋ (ತಂತಿ ಒತ್ತಿ ಹಿಡಿಯೂ ಕ್ಲಿಪ್) ಹಾಕ್ರಿ, ನೆಕ್ ಮೈಗೆ ಕೂಡೂ ಜಾಗಾದಾಗ ಇ ತಂತಿ ಒತ್ತರಿ, ಎಂಟನೇ ಫ್ರೆಟ್ಟಿನ ಹತ್ರ ತಂತಿಗೂ ಫ್ರೆಟ್ಟಿಗೂ ನಡುವ ಸಂದು ನೋಡ್ರಿ. 0.3ರಿಂದ 0.35 ಮಿಲಿಮೀಟರ್ ಇರಬೇಕು. ಗೇಜ್ ಇಲ್ಲಾಂದ್ರ ಒಂದು ವಿಜಿಟಿಂಗ್ ಕಾರ್ಡ್ ಸರಾಗ ಹೋಗಬೇಕು, ಎರಡು ಹೋಗಬಾರದು. ಜಾಸ್ತಿ ಇದ್ರ ಟ್ರಸ್ ರಾಡ್ (ನೆಕ್ಕಿನೊಳಗಿನ ಲೋಹದ ಸಳಿ) ಗಡಿಯಾರದ ದಿಕ್ಕಿಗೆ ಕಾಲ ಸುತ್ತು ತಿರಿವ್ರಿ, ಹೊಳ್ಳಿ ಸುರ ಕೂಡಸ್ರಿ, ಒಂದ ರಾತ್ರಿ ಬಿಡ್ರಿ, ಹೊಳ್ಳಿ ಅಳೀರಿ. ಒಂದ ದಮ್ಮಿಗೆ ಇಡೀ ಸುತ್ತು ತಿರಿವ್ಯಾವ್ರು ರಾಡ್ ಕೆಡಿಸ್ಕೊಂಡು ಆಮ್ಯಾಲ ಅಳ್ತಾರ. ಇಂಚಿನ ಅಲೆನ್ ಕೀ ಬೇಕಾದಲ್ಲಿ ಮಿಲಿಮೀಟರಿಂದು ತುರಕಿ ಮೂಲಿ ಸವಿಸ್ಯಾವ್ರೂ ಅಳ್ತಾರ.

ಅದಾದ ಮ್ಯಾಲ ತಂತಿ ಎತ್ತರ: 17ನೇ ಫ್ರೆಟ್ಟಿನ ಮ್ಯಾಲ ಇ ತಂತಿ ಸುಮಾರು ಎರಡೂವರಿ ಮಿಲಿಮೀಟರ್, ಜಿ ಎರಡು. ಅದಾದ ಮ್ಯಾಲ ಇಂಟೊನೇಶನ್ (ಎಲ್ಲಾ ಫ್ರೆಟ್ಟಿನಾಗ ಸುರ ಸರಿ ಬೀಳೂದು): 12ನೇ ಫ್ರೆಟ್ಟಿನ ಹಾರ್ಮೋನಿಕ್ಕಿಗಿಂತ ಒತ್ತಿದ ಸ್ವರ ಏರಿದ್ರ ಸ್ಯಾಡಲ್ (ಬ್ರಿಜ್ಜಿನ ಮ್ಯಾಲ ತಂತಿ ಕೂಡೂ ತುಂಡು) ಹಿಂದಕ್ಕ, ಇಳಿದ್ರ ಮುಂದಕ್ಕ. ಕಡೀಕ ಪಿಕಪ್ ಎತ್ತರ. ತಂತಿಗೆ ಭಾಳ ಹತ್ರ ತಂದ್ರ ಅಯಸ್ಕಾಂತ ತಂತಿ ಜಗ್ಗಿ ಸ್ವರ ಓಲಾಡತೈತಿ. ಈ ಸಾಲು ತಪ್ಪಬಾರದು. ನೆಕ್ ನೆಟ್ಟಗ ಮಾಡದ ಎತ್ತರ ಸರಿ ಮಾಡಿದ್ರ ಎರಡು ಸಲ ಮಾಡಬೇಕಾಗ್ತೈತಿ. ತಂತಿ ಕತ್ತರಿಸೂ ಮೊದಲ ತುದಿ ಮಡಚರಿ, ಇಲ್ಲಾಂದ್ರ ಸುತ್ತಿದ ವೈರ್ ಒಳಗಿನ ತಂತಿ ಮ್ಯಾಲ ಸಡಿಲಾಗಿ ತಂತಿ ಹುಟ್ಟಾನ ಸಾಯ್ತೈತಿ. ಇಷ್ಟೆಲ್ಲಾ ಎರಡು ಹಾಡಿನ ನಡುವ, ನಿರೂಪಕ "ಮುಂದಿನ ಗೀತೆ" ಅನ್ನೂದರೊಳಗ ಮಾಡಬೇಕಂತ. ಎಲ್ಲಾದಕ್ಕೂ ನಾಕ ತಂತಿನ ಅಲ್ಲೇನು, ಹೌದಲ್ಲ?

ಫ್ರೆಟ್‌ಲೆಸ್ (ಫ್ರೆಟ್ ಇಲ್ಲದ ಬೇಸ್) ಬಗ್ಗೆ ನಮ್ಮ ಕಡೆ ಮಂದಿಗೆ ಬಿಡಿಸಿ ಹೇಳೂದು ಬ್ಯಾಡ. ಸಾವಕಾಶ ಬ್ಲೂಸಿನಾಗ ಗ ಅನ್ನೂದು ಪೂರ್ತಿ ಕೋಮಲನೂ ಅಲ್ಲ, ಶುದ್ಧನೂ ಅಲ್ಲ, ಎರಡರ ನಡುವ ನಿಂದರತೈತಿ. ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕ ಜಾರೂದು) ಕೇಳಿ ಬೆಳದ ಕಿವಿಗೆ ಅದು ತಾನ ತಿಳೀತೈತಿ. ನೆನಪಿರಲಿ: ಫ್ರೆಟ್ ಇದ್ದಲ್ಲಿ ಬೆರಳು ಫ್ರೆಟ್ಟಿನ ಹಿಂದ ಇಡ್ತೀವಿ, ಇಲ್ಲಿ ಗೆರಿ ಮ್ಯಾಲನ ಇಡಬೇಕು. ರೌಂಡ್‌ವೌಂಡ್ ಹಾಕಿದ್ರ ಕಟ್ಟಿಗಿ ಮ್ಯಾಲ ಗರಗಸ ಆಡಿಸಿದಂಗ ಗೀರು ಬೀಳ್ತಾವ. ಇನ್ನ ಫ್ರೆಟ್ ಇದ್ದ ಬೇಸಿನಾಗ ತಂತಿ ಚರ್ ಚರ್ ಅಂದ್ರ "ಜವಾರಿ ಬಂದೈತಿ" ಅಂತ ಖುಷಿ ಪಡಬ್ಯಾಡ್ರಿ. ತಂಬೂರಿಗೆ ಆ ಝೇಂಕಾರ (ಜವಾರಿ) ದಾರ ಸರಿಸಿ ತಂದ ಶೃಂಗಾರ. ಬೇಸಿಗೆ ರೋಗ.

ಐದು ತಂತಿದು ಮದವಿ ಆರ್ಕೆಸ್ಟ್ರಾದ ಹೊಟ್ಟಿಪಾಡು. ಹಾಡವ್ರು ಸ್ಟೇಜ್ ಮ್ಯಾಲ ನಿಂತು "ಸರ, ಅರ್ಧ ಸುರ ಇಳಸ್ರಿ, ಗಂಟಲ ಕುಂತೈತಿ" ಅಂತಾರ. ಇ ಇದ್ದದ್ದು ಇ ಫ್ಲಾಟ್ ಆತು ಅಂದ್ರ ನಾಕ ತಂತಿಯೊಳಗ ಕೆಳಗಿನ ಸಾ ಇಲ್ಲ. ಐದನೇ ಬಿ ತಂತಿ ಅಲ್ಲಿ ಕೈ ಹಿಡೀತೈತಿ. 31 ಹರ್ಟ್ಜ್ ಸಣ್ಣ ಸ್ಪೀಕರಿನಾಗ ಬರೂದಿಲ್ಲ, ಕೇಳೂದು ಅದರ ಮ್ಯಾಲಿನ 62, ಅದು ಬ್ಯಾರೆ ಮಾತು. ನನ್ನ ಐದು ತಂತಿದರೊಳಗ ಪ್ರಿಆಂಪ್ (ದನಿ ಏರಿಸೂ ಸಣ್ಣ ಸರ್ಕ್ಯೂಟ್), 9 ವೋಲ್ಟ್ ಬ್ಯಾಟರಿ. ಕೇಬಲ್ ಚುಚ್ಚಿ ಬಿಟ್ರ ಬಾರಿಸದಿದ್ರೂ ಬ್ಯಾಟರಿ ಖಾಲಿ. ಸಾಯೂ ಮೊದಲ ಸ್ವರ ಹರದಂಗ ಬರ್ತೈತಿ. ಚೀಲದಾಗ ಇನ್ನೊಂದು ಇಟ್ಕೊಳ್ರಿ.

ತಿಳದವರು ಒಂದು ಮಾತು ತಗೀತಾರ: "ಜೇಮ್ಸ್ ಜೇಮರ್ಸನ್ ಒಂದ ಬೇಸಿನಾಗ, ಒಂದ ಬೆರಳಿನಾಗ ಇಡೀ ಮೋಟೌನ್ (ಅಮೆರಿಕದ ಹಾಡಿನ ಕಂಪನಿ) ಬಾರಿಸಿದ. ಟೋನ್ ಬೆರಳಿನಾಗ ಐತಿ." ಒಪ್ಪಿದೆ, ಬೆರಳಿನಾಗ ಐತಿ. ಆದ್ರ ಆ 1962ರ ಪ್ರಿಸಿಷನ್ನಿನ ಮ್ಯಾಲ ಬದಲಿ ಮಾಡದ ಹಳೇ ಫ್ಲಾಟ್‌ವೌಂಡ್ ಇದ್ದುವು, ತಂತಿ ಎತ್ತರ ಇದ್ದುವು, ಕವರಿನ ಕೆಳಗ ಫೋಮ್ ಇತ್ತು. ಅಂದ್ರ ಅದು ಒಂದ ಕೆಲಸಕ್ಕ ತಯಾರಾದ ವಾದ್ಯ, ಡೆಟ್ರಾಯಿಟಿನ ಒಂದ ಸ್ಟುಡಿಯೋದಾಗ, ನೇರ ಮಿಕ್ಸರಿಗೆ. ಅವಗ ಸೋಮವಾರ ಬ್ಲೂಸ್, ಬುಧವಾರ ಗದಗಿನಾಗ ಆರತಕ್ಷತೆ, ಶನಿವಾರ ಹಾವೇರಿಯೊಳಗ ಗಣಪತಿ ಕಾರ್ಯಕ್ರಮ ಇದ್ದಿಲ್ಲ. ಮತ್ತ ಅಂವ ಡಬಲ್ ಬೇಸ್ ಕಲ್ತು ಬಂದಾಂವ, ಅಲ್ಲಿಗೆ ಎರಡಾದುವು. ಆ ಒಂದ ಬೇಸ್ 1983ರಾಗ ಅಂವ ತೀರಿಕೊಳ್ಳೂಕಿಂತ ಸ್ವಲ್ಪ ಮೊದಲ ಕಳುವಾತು. ಒಂದ ಇಟ್ಕೊಂಡ್ರ ಹಿಂಗ!

ಸೆಕೆಂಡ್ ಹ್ಯಾಂಡ್ ತಗೊಳ್ಳವ್ರು ಇಷ್ಟು ನೋಡ್ರಿ. ನೆಕ್ಕನ್ನ ಬಂದೂಕಿನಂಗ ಹಿಡದು ಕಣ್ಣಿಟ್ಟು ನೋಡ್ರಿ. ಬಾಗಿದ್ರ ರಾಡಿಂದ ಸರಿ ಆಗ್ತೈತಿ, ತಿರುಚಿದ್ರ ಬಿಟ್ಟ ಬರ್ರಿ. ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಒಂದೊಂದಾಗಿ ಬಾರಿಸ್ರಿ. ಫೆಂಡರ್ ಮಾದರಿಯೊಳಗ ಅಲ್ಲಿ ಸ್ವರ ಲಗೂನ ಸಾಯೂದು ಸಾಮಾನ್ಯ, ಭಾಳ ಸತ್ರ ರೊಕ್ಕ ಇಳಸ್ರಿ. ನಾಬ್ ಕರ್ ಕರ್ ಅಂದ್ರ ಹೆದರಬ್ಯಾಡ್ರಿ, ಕಾಂಟ್ಯಾಕ್ಟ್ ಕ್ಲೀನರಿಗೆ ಬಗ್ಗತೈತಿ. ನಮ್ಮ ಬ್ಯಾಸಿಗಿಯೊಳಗ ಕಟ್ಟಿಗಿ ಒಣಗಿ ಕುಗ್ಗಿ ಫ್ರೆಟ್ಟಿನ ತುದಿ ಹೊರಗ ಬಂದು ಅಂಗೈ ಕೆರೀತಾವ. ಅದೂ ದೊಡ್ಡ ರೋಗಲ್ಲ, ಫೈಲಿನ ಕೆಲಸ. ಧಾರವಾಡದ ಮಳಿ ಹಿಡದ ಮ್ಯಾಲ ನೆಕ್ ಹೊಳ್ಳಿ ಅಳೀಬೇಕು, ಅಷ್ಟ.

ಇನ್ನ ಖರೆ ಹೇಳಿಬಿಡ್ತೀನಿ. ಪ್ರಿಸಿಷನ್ ಎರಡು (ಒಂದು ಫ್ಲಾಟ್, ಒಂದು ರೌಂಡ್), ಜಾಝ್, ಫ್ರೆಟ್‌ಲೆಸ್, ಐದು ತಂತಿದು, ಇವಕ್ಕ ಲೆಕ್ಕ ಕೊಟ್ಟೆ. ಆರನೇದು 30 ಇಂಚಿನ ಶಾರ್ಟ್ ಸ್ಕೇಲ್ (ನಟ್ಟಿಂದ ಬ್ರಿಜ್ಜಿನ ತನಕ ತಂತಿ ಗಿಡ್ಡ). ಉಳಿದಾವೆಲ್ಲ 34 ಇಂಚು. ಎಳೆತ ಕಡಿಮಿ, ಬೆರಳಿಗೆ ಆರಾಮ, ದನಿ ದುಂಡಗ ಅಂತ ಬೇಕಾದಷ್ಟು ಹೇಳಬಹುದು. ಸುಳ್ಳು. ಬಣ್ಣ ಛಲೋ ಇತ್ತು, ತಗೊಂಡೆ. ಮನಿಯಾಗ ಮಾತ್ರ ಇದು ದೋಸ್ತಂದು, ರಿಪೇರಿಗೆ ಬಂದೈತಿ ಅಂತ ಹೇಳೇನಿ. ಕಾಮೆಂಟಿನಾಗ ಬಾಯಿ ಬಿಡಬ್ಯಾಡ್ರಿ.

ಜಾಗಾ ಸಾಲ್ವಲ್ದು, ಐದು ತಂತಿದು ಮಾರೂದೈತಿ. ನೆಕ್ ನೆಟ್ಟಗ ಐತಿ, ಹೊಸ ಬ್ಯಾಟರಿ ಹಾಕೇನಿ. ಹುಬ್ಬಳ್ಳಿ-ಧಾರವಾಡದವರು ಬಂದು ಬಾರಿಸಿ ನೋಡಿ ತಗೊಳ್ರಿ. ತಬಲಾ ಕೊಟ್ಟು ಅದಲಿಬದಲಿ ಮಾಡ್ಕೊತೀನಿ ಅನ್ನಾಂವ ಮಾತ್ರ ಫೋನ್ ಮಾಡಬ್ಯಾಡ.