ಮರಿನ ಕೆಳಗೆ ಬಿಡ್ಬೇಡಿ ಸರಿ, ಎತ್ಕೊಂಡಾದ್ರೂ ಆಚೆ ಹೋಗ್ರಪ್ಪ

ನಮ್ಮ ಅಪಾರ್ಟ್‌ಮೆಂಟಲ್ಲಿ ಈಗ ಎರಡು ನಾಯಿಮರಿ ಬಂದಿದಾವೆ. ಲ್ಯಾಬ್ರಡಾರ್ ಮನೆಯೋರು ಎಲ್ಲಾ ಇಂಜೆಕ್ಷನ್ ಮುಗಿಯೋವರ್ಗೂ ಬಾಲ್ಕನಿ ದಾಟ್ಸಲ್ಲ ಅಂತಾರೆ, ಇಂಡಿ ಮರಿ ತಂದೋರು ಬೀದಿ ತಳಿ ಗಟ್ಟಿ ಕಣ್ರೀ ಏನೂ ಆಗಲ್ಲ ಅಂತ ಪಾರ್ಕಲ್ಲೇ ಬಿಟ್ಬಿಡ್ತಾರೆ. ಎರಡೂ ನಂಗೆ ಸರಿ ಕಾಣ್ಸಲ್ಲ, ಆದ್ರೆ ಪಾರ್ಕ್ ಕೇಸ್ ಮಾತ್ರ ಸೀದಾ ಜೀವಕ್ಕೇ ಬರುತ್ತೆ. ಮರಿಗಳನ್ನ ಕೊಲ್ಲೋ ಪಾರ್ವೋ ವೈರಸ್ಸಿಗೆ ತಳಿಗಿಳಿ ಗೊತ್ತಿಲ್ಲ.

ಈ ಪಾರ್ವೋ 1978ರ ಹೊತ್ತಿಗೆ ಪ್ರಪಂಚದ ತುಂಬಾ ಹಬ್ಬಿದ ರೋಗ. ವಾಂತಿ, ರಕ್ತಭೇದಿ, ಎರಡ್ಮೂರು ದಿನದಲ್ಲೇ ಮರಿ ನೆಲ ಹಿಡಿಯುತ್ತೆ. ವೈರಸ್ಸು ಮಣ್ಣಲ್ಲಿ ತಿಂಗಳುಗಟ್ಲೆ ಬದುಕಿರುತ್ತೆ, ನಮ್ಮ ಚಪ್ಪಲಿಗೆ ಅಂಟ್ಕೊಂಡು ಮನೆಗೂ ಬರುತ್ತೆ, ಫಿನಾಯಿಲ್ ಹಾಕಿ ಒರೆಸಿದ್ರೆ ಸಾಯುತ್ತೆ ಅಂತ ನಂಬ್ಕೊಂಡು ಕೂರೋಕಾಗಲ್ಲ, ಬ್ಲೀಚೇ ಬೇಕು.

ಇದಕ್ಕೆ ಲಸಿಕೆ ಇದೆ, ಆದ್ರೆ ಇಷ್ಟೊಂದು ಡೋಸ್ ಯಾಕೆ, ಡಾಕ್ಟ್ರು ದುಡ್ಡು ಮಾಡೋಕಾ ಅಂತ ಕೇಳೋರಿದಾರೆ. ಅಲ್ಲ. ತಾಯಿಯ ಗಿಣ್ಣು ಹಾಲಿಂದ ಮರಿಗೆ ಆಂಟಿಬಾಡಿ, ಅಂದ್ರೆ ರೋಗದ ಜೊತೆ ಹೋರಾಡೋ ಅಂಶ, ಬಂದಿರುತ್ತೆ, ಅದು ರೋಗನೂ ತಡೆಯುತ್ತೆ, ನಾವು ಹಾಕಿದ ಲಸಿಕೆನೂ ಕೆಲಸ ಮಾಡೋಕೆ ಬಿಡಲ್ಲ. ಅದು ಯಾವಾಗ ಇಳಿಯುತ್ತೆ ಅನ್ನೋದು ಒಂದೇ ಸೂಲಿನ ಮರಿಗಳಲ್ಲೂ ಬೇರೆ ಬೇರೆ. ಅದಕ್ಕೇ 6ರಿಂದ 8ನೇ ವಾರಕ್ಕೆ ಶುರು ಮಾಡಿ 2ರಿಂದ 4 ವಾರಕ್ಕೊಂದು ಸಲ ಹಾಕ್ತಾ 16ನೇ ವಾರ ದಾಟ್ಸೋದು. ಅಂದ್ರೆ ಮೂರು ಡೋಸ್ ಆಯ್ತಲ್ಲ ಅನ್ನೋದು ಲೆಕ್ಕಕ್ಕೇ ಬರಲ್ಲ, ಕೊನೇ ಡೋಸ್ ಬಿದ್ದಾಗ ಮರಿಗೆ ಎಷ್ಟು ವಾರ ಅನ್ನೋದೇ ಮುಖ್ಯ. ರೇಬೀಸ್ 12 ವಾರ ತುಂಬಿದ ಮೇಲೆ. ಇಲಿ ಉಚ್ಚೆಯಿಂದ ಬರೋ ಲೆಪ್ಟೋ ಅನ್ನೋ ರೋಗಕ್ಕೆ ಎರಡು ಡೋಸ್, ಆಮೇಲೆ ವರ್ಷಾ ವರ್ಷ, ನಮ್ಮ ಮಳೆಗಾಲದ ರಸ್ತೆ ನೋಡಿದ್ರೆ ಬೇಡ ಅನ್ನೋಕೆ ಬಾಯೇ ಬರಲ್ಲ.

ಈಗ ತೊಂದ್ರೆ ಇರೋದೇ ಇಲ್ಲಿ. ಮರಿಯ ಮನಸ್ಸು ಹೊಸದನ್ನ ಹೆದರ್ಕೊಳ್ದೆ ಒಪ್ಕೊಳ್ಳೋದು ಸುಮಾರು 3ನೇ ವಾರದಿಂದ 12-14ನೇ ವಾರದವರ್ಗೆ. ನೀವು 16 ವಾರ ಬಾಗಿಲು ಹಾಕ್ಕೊಂಡು ಕೂತ್ರೆ ಆ ಟೈಮ್ ಪೂರ್ತಿ ಹೋಯ್ತು, ಆಮೇಲೆ ಲಿಫ್ಟ್ ಕಂಡ್ರೆ ನಡುಕ, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗನ ಮೇಲೆ ಎಗರಾಟ, ದೀಪಾವಳಿಗೆ ಮಂಚದ ಕೆಳಗೆ. ಕಚ್ಚುತ್ತೆ ಅಂತ ಊರಾಚೆ ಬಿಟ್ಟು ಬಂದಿರೋ ನಾಯಿಗಳಲ್ಲಿ ಇಂಥವೂ ಇದಾವೆ ಅಂತ ನನ್ನ ಗುಮಾನಿ. ಅಮೆರಿಕದ ಪಶುವೈದ್ಯರ ವರ್ತನಾ ಸಂಘದೋರು 2008ರಲ್ಲೇ ಹೇಳಿದಾರೆ, ಮೊದಲ ಡೋಸ್ ಆಗಿ 7 ದಿನ ಕಳೆದಿದ್ರೆ, ಜಂತಿನ ಔಷಧಿನೂ ಆಗಿದ್ರೆ, 7-8 ವಾರದ ಮರಿನೂ ಪಪ್ಪಿ ಕ್ಲಾಸಿಗೆ ಬರಬಹುದು ಅಂತ. ಅಲ್ಲಿನ ಕ್ಲಾಸಂದ್ರೆ ತೊಳೆದ ನೆಲ, ಲಸಿಕೆ ಆದ ಮರಿಗಳು. ನಮ್ಮ ಬೀದಿಗೆ ಅದನ್ನ ಹಂಗಂಗೇ ತರೋಕಾಗಲ್ಲ ಬಿಡಿ.

ಎತ್ಕೊಳ್ಳಿ ಅಷ್ಟೇ. ಚೀಲದಲ್ಲೋ ತೋಳಲ್ಲೋ ಹಾಕ್ಕೊಂಡು ಗೇಟ್ ಹತ್ರ ಹತ್ತು ನಿಮಿಷ ನಿಲ್ಲಿ, ಆಟೋ ಸದ್ದು, ತರಕಾರಿ ಗಾಡಿ ಕೂಗು, ಛತ್ರಿ ಹಿಡ್ಕೊಂಡು ಹೋಗೋ ಅಜ್ಜಿ, ಸ್ಕೂಲ್ ವ್ಯಾನಿಂದ ಇಳಿಯೋ ಮಕ್ಳು ಎಲ್ಲಾ ನೋಡ್ಲಿ. ಬೀದಿನಾಯಿ ಓಡಾಡೋ ಮಣ್ಣಲ್ಲಿ, ಕ್ಲಿನಿಕ್ ನೆಲದ ಮೇಲೆ ಇಳಿಸ್ಬೇಡಿ. ಲಸಿಕೆ ಸರಿಯಾಗಿ ಆಗಿರೋ, ಸಮಾಧಾನದ ನಾಯಿ ಇರೋ ಫ್ರೆಂಡ್ ಮನೆಗೆ ಧಾರಾಳವಾಗಿ ಕರ್ಕೊಂಡು ಹೋಗಿ. ಮರಿ ಮುದುಡ್ಕೊಂಡ್ರೆ ದೂರ ಸರೀರಿ, ಬಲವಂತ ಮಾಡಿದ್ರೆ ಹೆದರಿಕೆನೇ ಕಲಿಯೋದು. ಹತ್ತು ಜನ ಕೈಯಿಂದ ಕೈಗೆ ದಾಟ್ಸಿ ರೀಲ್ಸ್ ಮಾಡೋದು ಸೋಶಿಯಲೈಸೇಶನ್, ಅಂದ್ರೆ ಮರಿಗೆ ಹೊರಗಿನ ಪ್ರಪಂಚ ಅಭ್ಯಾಸ ಮಾಡ್ಸೋದು, ಅಲ್ಲ ಮಾರಾಯ್ರೆ.

ಇನ್ನೊಂದು. 8 ವಾರ ತುಂಬದ ಮರಿ ಮಾರಬಾರದು ಅಂತ 2017ರ ಕೇಂದ್ರದ ನಿಯಮನೇ ಇದೆ, ಆದ್ರೂ ನಲವತ್ತು ದಿನಕ್ಕೇ ಕೊಡೋ ಬ್ರೀಡರ್‌ಗಳು ಸಿಗ್ತಾರೆ. ಅವರು ಕೊಡೋ ಕಾರ್ಡಲ್ಲಿ ಲಸಿಕೆ ಬಾಟ್ಲಿಯ ಸ್ಟಿಕರ್, ಬ್ಯಾಚ್ ನಂಬರ್, ಡಾಕ್ಟ್ರ ಸಹಿ ಇದ್ಯಾ ನೋಡಿ. ಲಸಿಕೆ 2ರಿಂದ 8 ಡಿಗ್ರಿಲಿ ಇಡ್ಬೇಕು, ಅವರು ಎಲ್ಲಿಟ್ಟಿದ್ರೋ ಯಾರಿಗ್ಗೊತ್ತು. ಬರೀ ಪೆನ್ನಲ್ಲಿ ಫಸ್ಟ್ ಡೋಸ್ ಡನ್ ಅಂತ ಗೀಚಿದ್ರೆ ಅದನ್ನ ನಂಬ್ಬೇಡಿ, ಸೀದಾ ನಿಮ್ಮ ಡಾಕ್ಟ್ರ ಹತ್ರ ಹೋಗಿ ಮೊದಲಿಂದ ಶುರು ಮಾಡ್ಬೇಕಾ ಕೇಳಿ.