ಹೊಸದುರ್ಗ ಎರಡು ಉಂಟು

ಹೊಸದುರ್ಗ ಎರಡು ಉಂಟು. ಒಂದು ಚಿತ್ರದುರ್ಗ ಜಿಲ್ಲೆಯಲ್ಲಿ, ಇನ್ನೊಂದು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ, ಕಾಞಂಗಾಡಿನ ಕೋಟೆಯ ಬದಿ. ನಮ್ಮ ಕಡೆಯ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಹೋದ ವರ್ಷ ನಮ್ಮ ವಿಶ್ವವಿದ್ಯಾಲಯದ ಆಫೀಸಿಗೆ ಬಂದ ಹೊಸ ಸಾಫ್ಟ್‌ವೇರಿಗೆ ಮಾತ್ರ ಗೊತ್ತಿರಲಿಲ್ಲ. ಅದರಲ್ಲಿ ಊರಿನ ಹೆಸರಿನ ನಾಲ್ಕಕ್ಷರ ಹೊಡೆದರೆ ಸಾಕು, ಜಿಲ್ಲೆ, ಪಿನ್ ಕೋಡು ತಾನಾಗಿ ತುಂಬಿಕೊಳ್ಳುತ್ತದೆ. ಒಂದು ಆಮಂತ್ರಣದ ವಿಳಾಸದಲ್ಲಿ 671315 ಇರಬೇಕಾದಲ್ಲಿ 577ರಿಂದ ಶುರುವಾಗುವ ಪಿನ್ನು ಬಂದು ಕೂತಿತು. ಯಾರೂ ನೋಡಲಿಲ್ಲ. ನಾನು ಆ ವಾರ ರಜೆಯಲ್ಲಿದ್ದೆ.

ಕಾಗದ ಹೋಗಬೇಕಾದದ್ದು ಒಬ್ಬ ನಿವೃತ್ತ ಮಾಷ್ಟ್ರಿಗೆ. ಅವರ ಹೆಂಡತಿ ನಮ್ಮಲ್ಲಿ ಕಲಿತವರು, ಆಮೇಲೆ ಅವರೂ ಟೀಚರಾದವರು. ಅವರು ತೀರಿಕೊಂಡ ಮೇಲೆ ಮಾಷ್ಟ್ರು 50,000 ರೂಪಾಯಿಯ ದತ್ತಿನಿಧಿ ಇಟ್ಟರು. ಶೇಕಡಾ 7 ಬಡ್ಡಿ ಅಂತ ಇಟ್ಟುಕೊಂಡರೂ ವರ್ಷಕ್ಕೆ 3,500 ಆಯಿತು. ಕಾಸರಗೋಡು ಜಿಲ್ಲೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಒಬ್ಬ ಹುಡುಗಿಗೆ ಅದು ಹೋಗಬೇಕು, ಅಷ್ಟೇ ಅವರ ಷರತ್ತು. ಮೊದಲ ಬಹುಮಾನ ಕೊಡುವ ಕಾರ್ಯಕ್ರಮದ ಆಮಂತ್ರಣ ಚಿತ್ರದುರ್ಗದ ಕಡೆ ಹೋಯಿತು. ಒಂದು ತಿಂಗಳು ಬಿಟ್ಟು, ವಿಳಾಸದಾರರು ಸಿಗಲಿಲ್ಲ ಎಂಬ ಷರಾ ಹೊತ್ತು ವಾಪಸ್ ಬಂತು. ಅಷ್ಟರಲ್ಲಿ ಕಾರ್ಯಕ್ರಮ ಮುಗಿದಿತ್ತು. ವೇದಿಕೆಯಲ್ಲಿ ಅವರ ಹೆಂಡತಿಯ ಹೆಸರು ಓದಿದರಂತೆ. ಮಾಷ್ಟ್ರು ಮನೆಯಲ್ಲಿದ್ದರು.

ನನ್ನ ಕೆಲಸ ಏನು ಅಂತ ಗೊತ್ತಿಲ್ಲದವರಿಗೆ: ಮಂಗಳೂರು ಕಡೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಹಳೆ ವಿದ್ಯಾರ್ಥಿಗಳಿಂದ, ದಾನಿಗಳಿಂದ ಹಣ ಎತ್ತುವ ವಿಭಾಗ ಉಂಟು. ಅಲ್ಲಿ ನಾನು ಆಫೀಸ್ ಅಸಿಸ್ಟೆಂಟ್. ಬೆಳಗ್ಗೆ ಕುಂಬಳೆಯಲ್ಲಿ ರೈಲು ಹತ್ತಿ, ಉಪ್ಪಳ, ಮಂಜೇಶ್ವರ, ಉಳ್ಳಾಲ ದಾಟಿ, ಮಂಗಳೂರು ಸೆಂಟ್ರಲಿನಲ್ಲಿ ಇಳಿದು ಬಸ್ಸು ಹಿಡಿಯುವುದು. ಬಾಗಿಲಿನ ಬೋರ್ಡಿನಲ್ಲಿ 'ಅಡ್ವಾನ್ಸ್‌ಮೆಂಟ್ ಆಫೀಸ್' ಅಂತ ಬರೆದಿದೆ. ಅಪ್ಪ ಮೊದಲ ದಿನ ಕೇಳಿದ್ದರು, "ಎಂತ ಅಡ್ವಾನ್ಸ್? ರೂಮಿನ ಬಾಡಿಗೆಯದ್ದಾ?" ಚಿಕ್ಕಮ್ಮ ಇನ್ನೂ ನೇರ: "ಬೇಡುವ ಕೆಲಸ ಅನ್ನು, ಸಾಕು."

ಇದನ್ನೆಲ್ಲ ಈಗ ಬರೆಯಲು ಕಾರಣ ಹೋದ ವಾರದ ಮೀಟಿಂಗು. ಖರ್ಚು ಕಡಿಮೆ ಮಾಡಬೇಕಂತೆ. ಒಬ್ಬರು ದೊಡ್ಡವರು ಹೇಳಿದರು, "ಹೆಸರು ಟೈಪ್ ಮಾಡ್ಲಿಕ್ಕೆ ಒಬ್ಬರನ್ನು ಇಟ್ಕೊಳ್ಬೇಕಾ? ಅದೀಗ ತನ್ನಿಂತಾನೇ ಆಗ್ತದಲ್ಲ." ನಾನು ಅಲ್ಲೇ ಮೂಲೆಯಲ್ಲಿ ಮೀಟಿಂಗಿನ ನಡಾವಳಿ ಬರೆಯುತ್ತಿದ್ದೆ. ಆ ವಾಕ್ಯವನ್ನೂ ಬರೆದುಕೊಂಡೆ. ಬಾಯಿ ಬಿಡಲಿಲ್ಲ. ಅಲ್ಲಿ ಹೇಳದ್ದು ಇಲ್ಲಿ ಹೇಳುತ್ತಿದ್ದೇನೆ.

ನಮ್ಮೂರಿನ ದೇವಸ್ಥಾನದಲ್ಲಿ ಬ್ರಹ್ಮಕಲಶ ಬಂದರೆ ರಶೀದಿ ಪುಸ್ತಕ ಯಾರ ಕೈಗೆ ಕೊಡುತ್ತಾರೆ? ಊರಿನ ಪ್ರತಿ ಮನೆಯ ಹೆಸರು ಗೊತ್ತಿರುವವನ ಕೈಗೆ. ಯಾರ ಮನೆಯಲ್ಲಿ ಯಜಮಾನ ತೀರಿಕೊಂಡರು, ಯಾವ ಮನೆ ಪಾಲಾಯಿತು, ಯಾರ ಹೆಸರಿನ ಹಿಂದೆ ಯಾರ ಹೆಸರು ಬರೆದರೆ ಜಗಳ ಆಗುತ್ತದೆ, ಎಲ್ಲ ಗೊತ್ತಿರುವವನಿಗೆ. ಮಸೀದಿಯ ಉರೂಸ್ ಕಮಿಟಿಯೂ ಅಷ್ಟೇ. ಸಾವಿರ ರೂಪಾಯಿ ಕೊಟ್ಟವನ ಹೆಸರು ಪತ್ರಿಕೆಯಲ್ಲಿ ತಪ್ಪಿದರೆ ಅವನು ಮುಂದಿನ ಸಲ ಗೇಟೇ ತೆಗೆಯುವುದಿಲ್ಲ. ಕೇಳಲು ಹೋಗುವುದು ಯಾರಾದರೂ ಆಗಬಹುದು, ಬರೆಯುವವನು ಊರಿನವನೇ ಆಗಬೇಕು. ಇಷ್ಟು ಸಣ್ಣ ವಿಷಯ ದೇವಸ್ಥಾನದ ಕಮಿಟಿಗೆ ಗೊತ್ತು, ಎಂಬಿಎ ಕಲಿತವರಿಗೆ ಗೊತ್ತಿಲ್ಲ.

ಹೆಸರು ಅಂದರೆ ಏನು ಅಂತ ಒಂದು ಉದಾಹರಣೆ ಹೇಳುತ್ತೇನೆ. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ 80ಜಿ ಎಂಬ ವಿನಾಯಿತಿ ಸಿಗಬೇಕಾದರೆ ಮೊದಲಿನ ಹಾಗೆ ಸೀಲು ಹೊಡೆದ ರಶೀದಿ ಸಾಲದು. 2022ರಿಂದ ನಾವು ಪ್ರತಿ ದಾನಿಯ ವಿವರವನ್ನು ಆದಾಯ ತೆರಿಗೆಯ ಪೋರ್ಟಲ್‌ಗೆ 10ಬಿಡಿ ಎಂಬ ಫಾರ್ಮಿನಲ್ಲಿ ಏರಿಸಬೇಕಾಯಿತು. ಕೊನೆಯ ದಿನ ಮೇ 31. ತಡವಾದರೆ ದಿನಕ್ಕೆ 200 ರೂಪಾಯಿ. ಅದು ಏರಿದ ಮೇಲೆ ಅಲ್ಲಿಂದಲೇ 10ಬಿಇ ಸರ್ಟಿಫಿಕೇಟು ಇಳಿಸಿ ದಾನಿಗೆ ಕಳಿಸಬೇಕು. ಪ್ಯಾನ್ ನಂಬರಿನಲ್ಲಿ ಒಂದಕ್ಷರ ಅಚೀಚೆ ಆದರೆ ಆ ಮನುಷ್ಯನಿಗೆ ಸಿಗಬೇಕಾದದ್ದು ಸಿಗುವುದಿಲ್ಲ, ಬೈಗಳು ನನಗೆ. ಪ್ಯಾನಿನಲ್ಲಿ ಹತ್ತು ಅಕ್ಷರ. ವ್ಯಕ್ತಿಯದ್ದಾದರೆ ನಾಲ್ಕನೆಯದು 'ಪಿ'. ಐದನೆಯದು ಸರ್‌ನೇಮಿನ ಮೊದಲ ಅಕ್ಷರ. ರೈ ಆದರೆ 'ಆರ್', ಶೆಟ್ಟಿ ಆದರೆ 'ಎಸ್'. ಆದರೆ ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮೇ ಇಲ್ಲ, ಇರುವುದು ಇನಿಷಿಯಲ್. ಪ್ಯಾನ್ ಮಾಡಿಸುವಾಗ ಆ ಇನಿಷಿಯಲನ್ನು ಬಿಡಿಸಿ ಬರೆಯಿರಿ ಅಂದಾಗ ಒಬ್ಬರು ಅಪ್ಪನ ಹೆಸರು ಬರೆದರು, ಇನ್ನೊಬ್ಬರು ಮನೆಹೆಸರು ಬರೆದರು, ಮತ್ತೊಬ್ಬರು ಊರಿನ ಹೆಸರು ಬರೆದರು. ಭಟ್ಟರ ಪ್ಯಾನಿನಲ್ಲಿ ಐದನೆಯ ಅಕ್ಷರ 'ಬಿ' ಬದಲು 'ಕೆ' ಕಂಡರೆ ಹೊರಗಿನವರು ತಪ್ಪು ಅಂತ ಬದಿಗಿಡುತ್ತಾರೆ. ಅದು ಅವರ ಊರು ಕಾಟುಕುಕ್ಕೆಯ 'ಕೆ' ಅಂತ ನನಗೆ ಗೊತ್ತು. ಇನ್ನು ಮಹಮ್ಮದ್ ಅನ್ನುವ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದು ಅಂತ ನಮ್ಮ ಪಟ್ಟಿ ನೋಡಿದರೆ ತಿಳಿಯುತ್ತದೆ. 'ಯು'ವೋ 'ಓ'ವೋ, ಒಂದು 'ಎಂ' ಆ ಎರಡಾ, ಕೊನೆಗೆ 'ಎ'ಯಾ 'ಇ'ಯಾ. ಅವರವರ ಹೆಸರು ಅವರವರು ಬರೆದ ಹಾಗೆಯೇ ಇರಬೇಕು. ಫೋನ್ ಮಾಡಿ ಒಂದೊಂದೇ ಅಕ್ಷರ ಕೇಳಿ ಬರೆದುಕೊಳ್ಳುತ್ತೇನೆ. ಮಲಯಾಳದಲ್ಲಿ, ಬ್ಯಾರಿಯಲ್ಲಿ, ತುಳುವಿನಲ್ಲಿ, ಯಾವುದರಲ್ಲಿ ಹೇಳಿದರೂ ಆಗುತ್ತದೆ. ಇದನ್ನು ಸಂಬಳದ ಚೀಟಿಯಲ್ಲಿ 'ಟೈಪಿಂಗ್' ಅನ್ನುತ್ತಾರೆ.

ಗಲ್ಫಿನವರದ್ದು ಇನ್ನೊಂದು ಕತೆ. ದುಬೈಯಲ್ಲಿ ಮೂವತ್ತು ವರ್ಷ ಅಂಗಡಿ ಇಟ್ಟುಕೊಂಡಿರುವ ಉಪ್ಪಳದವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅಲ್ಲ, ಯಾಕೆಂದರೆ ಅವರ ಪಾಸ್‌ಪೋರ್ಟು ಇಂಡಿಯದ್ದು. ಅಮೆರಿಕಾಕ್ಕೆ ಹೋಗಿ ಅಲ್ಲಿಯ ಪೌರತ್ವ ತೆಗೆದುಕೊಂಡವರು ಕಳಿಸಿದರೆ ಅದು ವಿದೇಶಿ ದೇಣಿಗೆ. ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡು ಇದ್ದರೂ ಅಷ್ಟೇ, ಇಲ್ಲೇ ಹುಟ್ಟಿದವರಾದರೂ ಅಷ್ಟೇ. ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ಮೇಲೆ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬಂದು ಬೀಳಬೇಕು. ತಪ್ಪಿ ಇಲ್ಲಿಯ ಖಾತೆಗೆ ಬಂತೋ, ದೊಡ್ಡ ತಲೆಬಿಸಿ. ಹಾಗಾಗಿ ಒಂದು ಲಕ್ಷ ಕೊಡಲು ಹೊರಟ ದೊಡ್ಡ ಮನುಷ್ಯರ ಹತ್ತಿರ "ಸರ್, ಪಾಸ್‌ಪೋರ್ಟ್ ಯಾವ ದೇಶದ್ದು?" ಅಂತ ಕೇಳಬೇಕು. ಡೈರೆಕ್ಟರು ಕೇಳುವುದಿಲ್ಲ, ಅವರಿಗೆ ಸಂಕೋಚ. ಕೇಳುವುದು ನಾನು. ಮಗಳ ಮದುವೆ ಎಲ್ಲಿಗೆ ಬಂತು, ಮಳೆ ಹೇಗೆ, ಅಲ್ಲಿಂದ ಶುರುಮಾಡಿ ಮೆಲ್ಲ ಅಲ್ಲಿಗೆ ಬರುತ್ತೇನೆ.

ಅಡಿಕೆಯವರು ಬೇರೆ. ಒಬ್ಬರು ವರ್ಷಾ ವರ್ಷ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ ಅಡಿಕೆ ಹಾಕಿದ ಮೇಲೆ ಮೊಮ್ಮಗನ ಕೈಯಲ್ಲಿ ಲಕೋಟೆ ಕಳಿಸುತ್ತಾರೆ, ಒಳಗೆ 3,000 ನಗದು. 2,000ಕ್ಕಿಂತ ಹೆಚ್ಚು ನಗದಾಗಿ ಕೊಟ್ಟರೆ 80ಜಿ ಸಿಗುವುದಿಲ್ಲ, ಚೆಕ್ ಕೊಡಿ ಅಂತ ಫೋನಿನಲ್ಲಿ ವಿವರಿಸಿದೆ. ಆ ಕಡೆಯಿಂದ ಬಂದ ಉತ್ತರ: "ನನಗೆ ಎಂಬತ್ತೂ ಬೇಡ, ಜಿಯೂ ಬೇಡ. ರಶೀದಿಯಲ್ಲಿ ಮನೆಹೆಸರು ಸರಿ ಬರೀರಿ ಅಕ್ಕ, ಕಳೆದ ಸರ್ತಿ ದೀರ್ಘ ಬಿಟ್ಟಿದ್ರಿ." ತಪ್ಪು ನನ್ನದೇ. ನಾನೂ ತಪ್ಪುತ್ತೇನೆ. ಆದರೆ ನನ್ನ ತಪ್ಪನ್ನು ಅವರು ನನಗೇ ಫೋನ್ ಮಾಡಿ ಹೇಳಬಹುದು.

ಊರಿನ ಹೆಸರು ನಮಗೆ ಎಷ್ಟು ನಾಟುತ್ತದೆ ಅಂತ ಮಂಗಳೂರಿನವರಿಗೂ ಪೂರ್ತಿ ಗೊತ್ತಾಗುವುದಿಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದವರು. 2021ರ ಜೂನಿನಲ್ಲಿ ಇಲ್ಲಿಯ ಊರುಗಳ ಕನ್ನಡ ಹೆಸರುಗಳನ್ನು ಮಲಯಾಳಕ್ಕೆ ಬದಲಿಸುತ್ತಾರಂತೆ ಎಂದು ದೊಡ್ಡ ಸುದ್ದಿಯಾಯಿತು. ಅಂಥ ಪ್ರಸ್ತಾಪವೇ ಇಲ್ಲ ಅಂತ ಕೇರಳದವರು ಹೇಳಿದರು, ಅಲ್ಲಿಗೆ ತಣ್ಣಗಾಯಿತು. ಆಗ ಬೆಂಗಳೂರಿನಿಂದಲೂ ನಮ್ಮ ಪರವಾಗಿ ತುಂಬ ಜನ ಬರೆದರು. ಬರೆಯಲಿ, ಸಂತೋಷ. ಆದರೆ ಕನ್ನಡದವರೇ ಮಾಡಿಸಿದ ಒಂದು ಸಾಫ್ಟ್‌ವೇರಿನಲ್ಲಿ ಕಾಸರಗೋಡಿನ ಹೊಸದುರ್ಗ ಇರಲಿಲ್ಲವಲ್ಲ, ಅದಕ್ಕೆ ಯಾರ ಹತ್ತಿರ ಮನವಿ ಕೊಡುವುದು?

ಸಾಫ್ಟ್‌ವೇರು ಬೇಡ ಅನ್ನುವವಳಲ್ಲ ನಾನು. ಲೆಡ್ಜರಿನಲ್ಲಿ ಗೀಟು ಎಳೆದು ಬರೆದ ಕಾಲವೂ ನನಗೆ ನೆನಪುಂಟು, ಆ ಬೆನ್ನುನೋವು ಯಾರಿಗೂ ಬೇಡ. ನಾನು ಹೇಳುವುದು ಇಷ್ಟು: ಕಾಗದ ಹೊರಡುವ ಮೊದಲು ಪಟ್ಟಿಯನ್ನು ಆ ಊರು ಗೊತ್ತಿರುವ ಒಬ್ಬರು ಓದಬೇಕು. ಅವರಿಗೆ ಅರ್ಧ ದಿನ ಬಿಟ್ಟುಕೊಡಬೇಕು. 671ರ ಪಿನ್ನಿನವರಿಗೆ ಹೋಗುವ ಕಾಗದ ಅವರ ಭಾಷೆಯಲ್ಲಿರಬೇಕು. ಮಾಷ್ಟ್ರಿಗೆ ಕನ್ನಡದಲ್ಲಿ, ಕೇಳಿದವರಿಗೆ ಮಲಯಾಳದಲ್ಲಿ. ಈಗ ಎಲ್ಲರಿಗೂ ಒಂದೇ ಇಂಗ್ಲಿಷ್ ಕಾಗದ, ಕೆಳಗೆ ಸ್ಕ್ಯಾನ್ ಮಾಡಿದ ಸಹಿ. ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಬಂದಾಗ ಹಳೆ ವಿದ್ಯಾರ್ಥಿಗಳು ಎಷ್ಟು ಲಕ್ಷ ಕೊಟ್ಟರು ಅಂತ ಕೇಳುತ್ತಾರೆ. ಆ ಅಂಕಿಯನ್ನು ಕೂಡಿಸಿ ಕೊಡುವುದೂ ನಾನೇ.

ವಾಪಸ್ ಬಂದ ಲಕೋಟೆಯನ್ನು ಯಾರಿಗೂ ಹೇಳದೆ ಬ್ಯಾಗಿಗೆ ಹಾಕಿಕೊಂಡು ಶನಿವಾರ ಕಾಞಂಗಾಡಿನ ರೈಲು ಹತ್ತಿದೆ. ಹಿಂದಿನ ರಾತ್ರಿ ಕನ್ನಡದಲ್ಲಿ ಒಂದು ಕಾಗದ ಕೈಯಲ್ಲೇ ಬರೆದಿದ್ದೆ. ಬಹುಮಾನ ಪಡೆದ ಹುಡುಗಿಯ ಫೋಟೋ ಜೊತೆಗಿತ್ತು. ಮಾಷ್ಟ್ರು ಜಗಲಿಯಲ್ಲಿ ಕೂತಿದ್ದರು. ನಾನು ತಪ್ಪಾಯಿತು ಅಂತ ಹೇಳಲು ಬಾಯಿ ತೆರೆಯುವ ಮೊದಲೇ, "ಮೊದಲು ಕೂತ್ಕೊ ಮಗಾ, ಬಿಸಿಲಿಗೆ ಬಂದಿದ್ದಿ" ಅಂದು ಒಳಗಿನಿಂದ ಬೆಲ್ಲ, ನೀರು ತಂದಿಟ್ಟರು. ಫೋಟೋವನ್ನು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಹುಡುಗಿ ಯಾವ ಶಾಲೆಯವಳು ಅಂತ ಕೇಳಿದರು. ಹೇಳಿದೆ. ಆ ಶಾಲೆಯಲ್ಲಿ ಅವರ ಹೆಂಡತಿ ಎರಡು ವರ್ಷ ಇದ್ದರಂತೆ. ಆಮೇಲೆ ಆ ಹಳೆ ಲಕೋಟೆಯನ್ನು ತಿರುಗಿಸಿ ಅದರ ಮೇಲಿನ ಸೀಲುಗಳನ್ನು ಒಂದೊಂದಾಗಿ ಓದಿ ನಕ್ಕರು. "ನಾನು ಚಿತ್ರದುರ್ಗ ನೋಡ್ಲೇ ಇಲ್ಲ ನೋಡು. ಕಾಗದ ನೋಡಿ ಬಂತು."

ಹೊರಡುವಾಗ 500ರ ನೋಟು ಮುಂದೆ ಹಿಡಿದರು, ಅಂಚೆ ಖರ್ಚಿಗೆ ಅಂತ. ಬೇಡ ಮಾಷ್ಟ್ರೇ, ಇದಕ್ಕೂ ರಶೀದಿ ಬರೆಯಬೇಕಾಗುತ್ತದೆ, ಮತ್ತೆ ಮೇ ತಿಂಗಳಲ್ಲಿ ಇನ್ನೊಂದು ಸಾಲು ಏರಿಸಬೇಕಾಗುತ್ತದೆ ಅಂದೆ. "ಬರಿ ಹಾಗಾದ್ರೆ" ಅಂದರು. ರಶೀದಿ ಪುಸ್ತಕ ಬ್ಯಾಗಿನಲ್ಲೇ ಇತ್ತು. ಜಗಲಿಯ ಕಟ್ಟೆಯ ಮೇಲಿಟ್ಟು ಬರೆದೆ: ಹೆಸರು, ಮನೆಹೆಸರು, ಹೊಸದುರ್ಗ, ಕಾಸರಗೋಡು ಜಿಲ್ಲೆ, 671315. ಅವರು ಪ್ರತಿ ಅಕ್ಷರ ಓದಿ ನೋಡಿದ ಮೇಲೆಯೇ ಹರಿದು ಕೊಡಲು ಬಿಟ್ಟರು.